ಡಾಕ್ಟ್ರ ಗಾಡಿ

ನಮ್ಮ ಕಡೆ ಹಳೇ ಕಾರು ಮಾರುವವರಿಗೆ ಗೊತ್ತಿರುವ ಮಾಲೀಕರು ಒಬ್ಬರೇ: ಡಾಕ್ಟ್ರು. ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪದ ಮೇಲೆ ಸೊರಬದವರೆಗೆ ಹೋಗಿ ಬನ್ನಿ, ರಸ್ತೆ ಬದಿ ಮಾರಾಟಕ್ಕೆ ನಿಂತ ಯಾವ ಗಾಡಿಯ ಬಗ್ಗೆ ಕೇಳಿದರೂ ‘ಡಾಕ್ಟ್ರ ಗಾಡಿ ಸರ್, ಸಿಂಗಲ್ ಓನರ್’ ಎಂಬ ಉತ್ತರವೇ ಬರುತ್ತದೆ. ಈ ಎರಡು ತಾಲ್ಲೂಕುಗಳಲ್ಲಿ ನಿಜಕ್ಕೂ ಅಷ್ಟು ಡಾಕ್ಟರಿದ್ದಿದ್ದರೆ ನಾವ್ಯಾರೂ ಶಿವಮೊಗ್ಗದ ಆಸ್ಪತ್ರೆಗಳಲ್ಲಿ ಟೋಕನ್ ಹಿಡಿದು ಕೂರುತ್ತಿರಲಿಲ್ಲ.

ಗಾಡಿ ಮಾರುವ ಈ ಪೈಕಿಯವರನ್ನು ಗುರುತಿಸುವುದು ಸುಲಭ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು, ಬೆರಳಿನಲ್ಲಿ ತಿರುಗುವ ಕೀಲಿಗೊಂಚಲು. ಮಾತಾಡುವಾಗ ಒಂದು ಅಂಗೈ ಬಾನೆಟ್ಟಿನ ಮೇಲಿರುತ್ತದೆ, ಸಂತೆಯಲ್ಲಿ ಎತ್ತಿನ ಬೆನ್ನು ಸವರಿದ ಹಾಗೆ. ಇವರ ಗಾಡಿಗಳು ಯಾವತ್ತೂ 42 ಸಾವಿರ ಕಿಲೋಮೀಟರ್ ದಾಟಿರುವುದಿಲ್ಲ. ಎಂಜಿನ್ ಬೆಣ್ಣೆ. ಬಾಗಿಲು ನೆಗ್ಗಿದ್ದರೆ ದೃಷ್ಟಿಬೊಟ್ಟು. ಏಸಿ ಬಿಸಿಗಾಳಿ ಊದಿದರೆ ‘ಗ್ಯಾಸ್ ತುಂಬ್ಸಿದ್ರೆ ಊಟಿ’. ಇಷ್ಟನ್ನೂ ಮೀರಿದ ದೋಷ ಕಂಡರೆ ಅದು ‘ಸಣ್ಣ ಕೆಲಸ’.

ನನ್ನ ಪಾಲಿಗೆ ಬಂದವನನ್ನು ಊರವರು ‘ಕಂಡೀಷನ್’ ಎಂದೇ ಕರೆಯುತ್ತಾರೆ. ಮಾತಿಗೆ ಮೊದಲು ‘ಕಂಡೀಷನ್ ನೋಡ್ರಿ’ ಎನ್ನುವುದು ಅವನ ಅಭ್ಯಾಸ. ನನ್ನ ಹಳೇ ವಿದ್ಯಾರ್ಥಿ. ಹೈಸ್ಕೂಲಿನಲ್ಲಿ ನಾನು ಅವನಿಗೆ ಮೂರು ವರ್ಷ ಕನ್ನಡ ಸಂಧಿ ಕಲಿಸಿದೆ, ಅವನು ಕಲಿಯಲಿಲ್ಲ. ‘ಊರು’ ‘ಅಲ್ಲಿ’ ಸೇರಿ ‘ಊರಲ್ಲಿ’ ಆಯಿತು, ನಡುವಿನ ಉಕಾರ ಎಲ್ಲಿ ಹೋಯಿತೋ ಎಂದು ಕೇಳಿದರೆ, ‘ನಾನು ತಗೊಂಡಿಲ್ಲ ಸಾರ್’ ಎಂದು ಎದ್ದು ನಿಂತಿದ್ದ. ಅದು ಪೆದ್ದುತನ ಎಂದು ನಾನು ಆಗ ತಿಳಿದಿದ್ದೆ.

ರಿಟೈರಾದ ಮೇಲೆ ಒಂದು ಕಾರು ತೆಗೆದುಕೊಳ್ಳುವ ಆಸೆ ಹುಟ್ಟಿತು. ವಿಷಯ ಹೇಗೋ ಅವನ ಕಿವಿಗೆ ಬಿದ್ದು ಮನೆಗೇ ಬಂದ. “ಮೇಷ್ಟ್ರೆ, ನೀವು ನನ್ಗೆ ಅಕ್ಷರ ಕಲಿಸಿದೋರು. ನಿಮಗೆ ಮೋಸ ಮಾಡಿದ್ರೆ ನನ್ ಕೈ ಸೇದಿ ಹೋಗುತ್ತೆ.” 2014ರ ಸಣ್ಣ ಕಾರು, ಡಾಕ್ಟ್ರದೇ, 2,85,000 ರೂಪಾಯಿ.

ನಮ್ಮಪ್ಪ ಎತ್ತು ಕೊಳ್ಳುವುದನ್ನು ನೋಡಿದ್ದೇನೆ. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ. ಆಮೇಲೆ ಸುಳಿ ನೋಡಬೇಕು, ನೊಗ ಕಟ್ಟಿ ನಡೆಸಬೇಕು, ಗೊರಸು ತಟ್ಟಬೇಕು. ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವ ಹೊತ್ತಿಗೆ ಆ ಎತ್ತಿನ ಜಾತಕ ಅಪ್ಪನ ಬಾಯಲ್ಲಿರುತ್ತಿತ್ತು. ಅವರ ಮಗನಾದ ನಾನು ಸೀಟ್ ಕವರ್ ನೋಡಿದೆ. ಕೆಂಪು ಬಣ್ಣ, ಬಿಳಿ ಹೊಲಿಗೆ, ಒಳಗೆಲ್ಲ ಮಲ್ಲಿಗೆ ಸೆಂಟಿನ ಘಮ. ಹೆಂಡತಿ ಡ್ಯಾಷ್‌ಬೋರ್ಡ್ ಮೇಲೆ ಕೈಯಾಡಿಸಿ “ಚೆನ್ನಾಗಿದೆ ಅಲ್ವಾ” ಅಂದಳು. ತಪಾಸಣೆ ಮುಗಿಯಿತು.

ದುಡ್ಡನ್ನು ನಗದಾಗಿಯೇ ಕೇಳಿದ, ಲಕ್ಷ್ಮಿ ಕೈಯಿಂದ ಕೈಗೆ ಬರಬೇಕಂತೆ. ರಸೀದಿ ಕೇಳಿದ್ದಕ್ಕೆ ಮೇಜಿನ ಮೇಲಿದ್ದ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ‘ಹಣ ಪೂರ್ತಿ ಬಂತು. ವಾರಂಟಿ 3 ತಿಂಗಳು. ಎಂಜಿನ್, ಗೇರ್‌ಬಾಕ್ಸ್’ ಎಂದು ಬರೆದು ಸಹಿ ಹಾಕಿದ. ಮುಂಬದಿಯಲ್ಲಿ ಯಾರದೋ ಮಗಳ ಶುಭವಿವಾಹ. ಕೊಟ್ಟ ದುಡ್ಡಿಗೆ ನನ್ನ ಹತ್ತಿರ ಇರುವ ದಾಖಲೆ ಇವತ್ತಿಗೂ ಅದೊಂದೇ.

ಪೂಜೆ ಹುಚ್ಚರಾಯಸ್ವಾಮಿ ಗುಡಿ ಮುಂದೆ. ಶಿಕಾರಿಪುರದ ಆಂಜನೇಯ ಭ್ರಾಂತೇಶ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ ಅವನ ಜೊತೆಯವರು. ಭ್ರಾಂತಿ ಕಳೆಯುವ ದೇವರೆದುರು ಭ್ರಾಂತಿಯಲ್ಲಿ ಕೈಮುಗಿದು, ನಾಲ್ಕು ಚಕ್ರಕ್ಕೂ ಕಂಡೀಷನ್ನೇ ಇಟ್ಟ ನಿಂಬೆಹಣ್ಣುಗಳ ಮೇಲೆ ಗಾಡಿ ಹತ್ತಿಸಿದೆ.

ಈ ನಿಂಬೆಹಣ್ಣಿನ ಕಥೆಯನ್ನು ಬೆಂಗಳೂರಿನ ಮಗ ಆಮೇಲೆ ಫೋನಿನಲ್ಲಿ ಹೇಳಿದ. ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ಸಂತೆಯನ್ನೇ ಉದಾಹರಣೆ ಮಾಡಿಕೊಂಡು ಒಂದು ಪ್ರಬಂಧ ಬರೆದನಂತೆ, 2001ರಲ್ಲಿ ಅವನಿಗೆ ನೊಬೆಲ್ ಬಂತಂತೆ. ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅದಕ್ಕೇ ಕೊಳ್ಳುವವನು ಎಲ್ಲ ಗಾಡಿಗೂ ಅನುಮಾನದ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿಯವರು ಸಂತೆಗೇ ಬರುವುದಿಲ್ಲ, ಕೊನೆಗೆ ಉಳಿಯುವುದು ಹುಳುಕಿನವು. ಇದಕ್ಕಿರುವ ಮದ್ದುಗಳಲ್ಲಿ ವಾರಂಟಿಯೂ ಒಂದು. “ಅಲ್ಲಿ ಕೆಟ್ಟ ಗಾಡಿಗೆ ಏನಂತಾರೆ ಗೊತ್ತಾ ಅಪ್ಪಾ? ನಿಂಬೆಹಣ್ಣು.” ಅಂದರೆ ನಾನು ಅವತ್ತು ನಾಲ್ಕು ನಿಂಬೆಹಣ್ಣಿನ ಮೇಲೆ ಐದನೆಯದನ್ನು ಹತ್ತಿಸಿದ್ದೆ.

ಐದನೆಯದು ಒಡೆದದ್ದು ಚಂದ್ರಗುತ್ತಿಯ ದಾರಿಯಲ್ಲಿ. ರೇಣುಕಾಂಬೆಗೆ ಉಡಿ ತುಂಬಬೇಕೆಂದು ಹೆಂಡತಿಯ ಹರಕೆ. ಸೊರಬ ದಾಟಿ ಒಂದು ಏರು ಬಂತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಮಲ್ಲಿಗೆ ಸೆಂಟನ್ನು ಸೀಳಿಕೊಂಡು ಸುಟ್ಟ ವಾಸನೆ ಬಂತು. ಹಿಂದೆ ಬಂದ ಬೈಕಿನವನು ಮೂಗು ಮುಚ್ಚಿಕೊಂಡು “ಕ್ಲಚ್ ಹೋಯ್ತು ಯಜಮಾನ್ರೆ” ಎಂದು ರೋಗನಿದಾನ ಮಾಡಿ ಹೋದ. ನನಗೆ ಒಳಗೊಳಗೇ ಸಮಾಧಾನ. ಗಾಡಿ ತೆಗೆದುಕೊಂಡು ಇಪ್ಪತ್ತೆರಡೇ ದಿನ, ಕರೆಯೋಲೆ ಜೇಬಿನಲ್ಲೇ ಇತ್ತು. ಫೋನ್ ಮಾಡಿದೆ.

“ಕ್ಲಚ್ಚಾ?” ಕಂಡೀಷನ್ ನಿಟ್ಟುಸಿರು ಬಿಟ್ಟ. “ಎಂಜಿನ್ ಹೋಗಿದ್ರೆ ಇವತ್ತೇ ಬಿಚ್ಚಿಸ್ತಿದ್ದೆ ಮೇಷ್ಟ್ರೆ. ಗೇರ್‌ಬಾಕ್ಸ್ ಆಗಿದ್ರೂ ನಾನೇ ನೋಡ್ಕೋತಿದ್ದೆ.”

“ಕ್ಲಚ್ಚು ಮತ್ತೆ ಯಾವುದರದಪ್ಪಾ?”

“ಅದು ಎಂಜಿನ್ನೂ ಅಲ್ಲ, ಗೇರ್‌ಬಾಕ್ಸೂ ಅಲ್ರಿ. ಎರಡರ ಸಂಧಿ.”

ನಾನು ಮೂಕನಾದೆ. ಅವನು ಹೇಳಿದ್ದು ಅಕ್ಷರಶಃ ಸತ್ಯ. ಕ್ಲಚ್ಚು ಕೂತಿರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆಯೇ. ಎರಡು ಪದ ಕೂಡಿದವು, ನಡುವಿನದು ಲೋಪವಾಯಿತು, ಯಾರೂ ತಗೊಂಡಿಲ್ಲ. ಇಷ್ಟು ವರ್ಷದ ಮೇಲೆ ಶಿಷ್ಯನಿಗೆ ಲೋಪಸಂಧಿ ಅರ್ಥವಾಗಿತ್ತು, ಗುರುವಿನ ಖರ್ಚಿನಲ್ಲಿ.

ಹಾಗೆಂದು ಅವನು ಫೋನಿಟ್ಟು ಸುಮ್ಮನೆ ಕೂರಲಿಲ್ಲ. ಒಂದೂವರೆ ಗಂಟೆಯಲ್ಲಿ ಜೀಪು, ಹಗ್ಗ, ಒಬ್ಬ ಹುಡುಗನ ಸಮೇತ ಬಂದ. ಹೆಂಡತಿಗೆ “ಅಮ್ಮಾ, ನೀವು ಹಸ್ಕೊಂಡಿರ್ತೀರಿ” ಎಂದು ಬಾಳೆಹಣ್ಣು, ಮಂಡಕ್ಕಿ ಕೊಟ್ಟ. ಕಾರನ್ನು ಸೊರಬದ ಮೆಕ್ಯಾನಿಕ್ಕಿನ ಷೆಡ್ಡಿಗೆ ಎಳೆಸಿದ. ನಮ್ಮಿಬ್ಬರನ್ನು ಜೀಪಿನಲ್ಲಿ ಚಂದ್ರಗುತ್ತಿಗೆ ಕರೆದೊಯ್ದು ಉಡಿ ತುಂಬಿಸಿ, ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡ. ಡೀಸೆಲ್ಲಿಗೆ ಒಂದು ರೂಪಾಯಿ ಮುಟ್ಟಲಿಲ್ಲ. ಕ್ಲಚ್ಚಿನ 8,500 ರೂಪಾಯಿಗೂ ಒಂದು ರೂಪಾಯಿ ಕೊಡಲಿಲ್ಲ. ಇವರ ಹತ್ತಿರ ಪ್ರೀತಿ ಬೇಕಾದಷ್ಟು ಸಿಗುತ್ತದೆ, ವಾರಂಟಿಯೊಂದು ಬಿಟ್ಟು.

ಮರುದಿನ ಗಾಡಿ ತರಲು ಹೋದಾಗ ಮೆಕ್ಯಾನಿಕ್ ಒಳಗೆ ಕೂತು ಕೀಲಿ ತಿರುಗಿಸಿದ. ಮತ್ತೆ ಆರಿಸಿ, ಮತ್ತೆ ತಿರುಗಿಸಿದ. “ಏರ್‌ಬ್ಯಾಗ್ ದೀಪ ಬರ್ತಾನೇ ಇಲ್ವಲ್ಲ.”

“ಬರದಿದ್ದರೆ ಒಳ್ಳೇದಲ್ವಾ?” ಅಂದೆ. ಕಂಡೀಷನ್ನೂ ನನಗೆ ಹಾಗೇ ಹೇಳಿದ್ದ: ದೀಪ ಉರಿಯಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ.

“ಕೀಲಿ ಹಾಕ್ದಾಗ ನಾಲ್ಕಾರು ಸೆಕೆಂಡ್ ಉರಿದು ಆರ್ಬೇಕು ಸರ್. ಉರೀತಾನೇ ಇದ್ರೂ ತಪ್ಪು, ಉರೀದೇ ಇದ್ರೂ ತಪ್ಪು.”

ಮೀಟರ್ ಬಿಚ್ಚಿದ. ದೀಪದ ಮೇಲೆ ಕಿರುಬೆರಳ ಉಗುರಿನಷ್ಟು ಕರಿ ಇನ್ಸುಲೇಷನ್ ಟೇಪು, ಅಂಚು ನೀಟಾಗಿ ಕತ್ತರಿಸಿದ್ದು. ಅದನ್ನು ಕಿತ್ತು ಕೀಲಿ ತಿರುಗಿಸಿದರೆ ಕೆಂಪು ಚಿತ್ರವೊಂದು ಕಣ್ಣು ಬಿಟ್ಟಿತು: ಸೀಟಿನಲ್ಲೊಬ್ಬ ಮನುಷ್ಯ, ಮುಂದೆ ಕುಂಬಳಕಾಯಿಯಂಥ ಒಂದು ಗುಂಡು. ಅದು ಆರಲೇ ಇಲ್ಲ. ಹಿಂದೆ ಯಾವಾಗಲೋ ಗಾಡಿ ಎಲ್ಲೋ ಗುದ್ದಿದೆ, ಏರ್‌ಬ್ಯಾಗ್ ಒಡೆದಿದೆ, ಹೊಸದು ಹಾಕಿಸದೆ ಮೇಲೆ ಬರೀ ಮುಚ್ಚಳ ಕೂರಿಸಿದ್ದಾರೆ. ಸರಿ ಮಾಡಿಸಲು ಗಾಡಿಯ ಬೆಲೆಯ ಕಾಲುಭಾಗ ಬೇಕಂತೆ. ಟೈರಿನ ಮಗ್ಗುಲಲ್ಲಿ 0914 ಎಂದಿತ್ತು. ಎಂದರೆ 2014ರ ಒಂಬತ್ತನೇ ವಾರ ತಯಾರಾದದ್ದು. ಗಾಡಿಯ ಜೊತೆಗೇ ಹುಟ್ಟಿ, ಪಾಲಿಷ್ ಬಳಿದುಕೊಂಡು ಹರೆಯದ ವೇಷ ಹಾಕಿದ್ದವು. ಅಪ್ಪ ಎಣಿಸುತ್ತಿದ್ದ ಹಲ್ಲು ಇಲ್ಲೂ ಇತ್ತು, ಎಣಿಸಬೇಕಾದವನು ಸೀಟ್ ಕವರ್ ನೋಡುತ್ತಿದ್ದ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ಇಷ್ಟು ದಿನ ನಾನು ಮುಂದೆ ಕೂತಿದ್ದು ಯಾವ ಧೈರ್ಯದ ಮೇಲೆ?”

ಕ್ಲಚ್ಚಿಗೆ ನಕ್ಕಿದ್ದ ನಾನು ಟೇಪಿಗೆ ನಗಲಿಲ್ಲ. ನೇರ ಅವನ ಶೆಡ್ಡಿಗೆ ಹೋದೆ. ಮಗ ಹೇಳಿಕೊಟ್ಟದ್ದನ್ನೆಲ್ಲ ಪಾಠದಂತೆ ಒಪ್ಪಿಸಿದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿಯ ಡೀಲರುಗಳು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕು. ನಮೂನೆ 29ಸಿಯಲ್ಲಿ ತಿಳಿಸಿ ಮಾಲೀಕ ಗಾಡಿ ಒಪ್ಪಿಸಿದ ಮೇಲೆ ಡೀಲರನೇ ಮಾಲೀಕನೆಂದು ಲೆಕ್ಕ. 2019ರ ಗ್ರಾಹಕ ಕಾಯ್ದೆಯಡಿ ಎರಡು ವರ್ಷದೊಳಗೆ ಶಿವಮೊಗ್ಗದ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಈಗಲೇ ಫೋನ್ ಮಾಡಲಾ?

ಅವನು ಪೂರ್ತಿ ಕೇಳಿ, ಹುಡುಗನಿಗೆ ಕಾಫಿ ಹೇಳಿ, ನೊಂದ ದನಿಯಲ್ಲಿ ಅಂದ: “ಡೀಲರ್ ಮೇಲೆ ಹಾಕ್ರಿ ಮೇಷ್ಟ್ರೆ, ಬೇಡ ಅನ್ನಲ್ಲ. ಆದ್ರೆ ನಾನು ಡೀಲರ್ ಅಲ್ವಲ್ಲ. ನಾನು ನಿಮ್ ಸ್ನೇಹಿತ.” ಅವನ ತಲೆಯ ಮೇಲೆಯೇ ‘ಕಾರ್ ಬಜಾರ್’ ಎಂದು ಮಾರುದ್ದದ ಬೋರ್ಡು ತೂಗುತ್ತಿತ್ತು. ಮಾರುವ ತನಕ ಡೀಲರು, ಕೆಟ್ಟ ಮೇಲೆ ಸ್ನೇಹಿತ.

“ಸಿಂಗಲ್ ಓನರ್ ಅಂದಿದ್ದೆ. ಎಂ-ಪರಿವಾಹನ ಆ್ಯಪಿನಲ್ಲಿ ಮೂರನೇ ಓನರ್ ಅಂತ ತೋರಿಸ್ತಿದೆಯಲ್ಲೋ.”

“ಒಂದ್ಸಲಕ್ಕೆ ಒಬ್ರೇ ಅಲ್ವೇನ್ರಿ ಓನರ್? ಮೊದಲ್ನೋರು ಡಾಕ್ಟ್ರೇ.”

“ಯಾವ ಡಾಕ್ಟ್ರು?”

ಅವನು ನೆಲ ನೋಡಿದ. “ದನದ್ ಡಾಕ್ಟ್ರು.”

ಹೊಲದ ಬದು, ಗದ್ದೆಯ ಕೆಸರು, ಕೊಟ್ಟಿಗೆಯ ದಾರಿ ಎಲ್ಲವನ್ನೂ ತುಳಿದ ಗಾಡಿ ನನ್ನ ಕಣ್ಣ ಮುಂದೆ ಬಂತು. ಆರ್‌ಸಿ ಇನ್ನೂ ಆ ಮೂರನೇ ಓನರ್ ಹೆಸರಿನಲ್ಲೇ ಇತ್ತು. ಅವರು ಸಹಿ ಮಾಡಿದ ಮಾಲೀಕತ್ವ ವರ್ಗಾವಣೆಯ ನಮೂನೆ 29, 30 ತಾರೀಖಿಲ್ಲದೆ ಇವನ ಡ್ರಾಯರಿನಲ್ಲಿ ಮಲಗಿದ್ದವು. ನಾನು ಯಾರಿಗಾದರೂ ಗುದ್ದಿದ್ದರೆ, 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಆರ್‌ಸಿಯಲ್ಲಿ ಹೆಸರಿದ್ದ ಆ ಪುಣ್ಯಾತ್ಮರು ಹೊಣೆಯಾಗುತ್ತಿದ್ದರು. ಅವತ್ತು ಕಾಫಿ ಕುಡಿಯದೆ ಕೂತು, ಕಾಗದ ಸಾಗರದ ಆರ್‌ಟಿಒ ಕಚೇರಿಗೆ ಹೊರಡುವವರೆಗೂ ಏಳಲಿಲ್ಲ. ನನ್ನ ಗೆಲುವು ಅದೊಂದೇ. ಟೇಪಿನ ಬಗ್ಗೆ ಅವನು ಹುಚ್ಚರಾಯನ ಮೇಲೆ ಆಣೆ ಇಟ್ಟ, ತನಗೆ ಗೊತ್ತೇ ಇರಲಿಲ್ಲವೆಂದು. ನಾನು ತಗೊಂಡಿಲ್ಲ ಸಾರ್. ಅದೇ ಮುಖ, ಅದೇ ಕಣ್ಣು.

ದೂರು ಕೊಡಲಿಲ್ಲ. ಕಾನೂನು ನನ್ನ ಕಡೆಗಿತ್ತು, ದಾಕ್ಷಿಣ್ಯ ಅವನ ಕಡೆಗೆ. ಅಪ್ಪನ ಕಾಲದ ದಲ್ಲಾಳಿಯೂ ಸುಳ್ಳು ಹೇಳುತ್ತಿದ್ದ, ಬರೆದುಕೊಟ್ಟದ್ದು ಏನೂ ಇರುತ್ತಿರಲಿಲ್ಲ. ಆದರೆ ಎತ್ತು ಕುಂಟಿದರೆ ಮುಂದಿನ ಸಂತೆಯಲ್ಲಿ ಅಪ್ಪ ಅದನ್ನು ಅವನ ಮುಂದೆಯೇ ತಂದು ಕಟ್ಟುತ್ತಿದ್ದರು, ಹತ್ತು ಜನ ಸೇರುತ್ತಿದ್ದರು. ಆ ಹತ್ತು ಜನವೇ ವಾರಂಟಿ. ನಾವು ಈಗ ಒಬ್ಬೊಬ್ಬರೇ ಮೋಸ ಹೋಗುತ್ತೇವೆ, ನಾಚಿಕೆಗೆ ಯಾರಿಗೂ ಹೇಳುವುದಿಲ್ಲ.

ಹೇಳುವುದಿಲ್ಲ ಎಂದೆನಲ್ಲ, ಅದಕ್ಕಿಂತ ಹೀನಾಯವಾದದ್ದೂ ಆಯಿತು. ಮೊನ್ನೆ ಕಂಡೀಷನ್ ಆನವಟ್ಟಿ ಕಡೆಯ ಒಬ್ಬ ಹುಡುಗನನ್ನು ಮನೆಗೆ ಕರೆತಂದ. ಹೊಸದಾಗಿ ಮದುವೆಯಾದವನು. “ನನ್ನ ಕೇಳ್ಬೇಡಿ, ನಮ್ ಮೇಷ್ಟ್ರನ್ನ ಕೇಳಿ. ಅವ್ರೂ ನನ್ನತ್ರಾನೇ ತಗೊಂಡಿದ್ದು.” ಹುಡುಗ ನನ್ನ ಮುಖ ನೋಡಿದ. ಚಂದ್ರಗುತ್ತಿಯ ಮೆಟ್ಟಿಲಲ್ಲಿ ಹಿಡಿದ ಕೈ ನೆನಪಾಯಿತು. “ಒಳ್ಳೇ ಹುಡುಗ, ಕಷ್ಟಕ್ಕಾಗ್ತಾನೆ” ಅಂದುಬಿಟ್ಟೆ. ಒಂದೂ ಸುಳ್ಳಲ್ಲ. ಒಳಗೆ ಹೆಂಡತಿ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟಳು. ಅವನು ಕೊಟ್ಟಿದ್ದ ಮೂರು ತಿಂಗಳ ವಾರಂಟಿ ಎಂದೋ ಮುಗಿದಿತ್ತು, ಈಗ ಅವನ ವಾರಂಟಿ ನಾನೇ ಆಗಿದ್ದೆ.

ಆ ಪಾತ್ರೆಯ ಸದ್ದಿಗೆ ಎದ್ದು ಹುಡುಗನ ಹಿಂದೆ ಗೇಟಿನವರೆಗೆ ಹೋದೆ. ಕಂಡೀಷನ್ ಜೀಪು ತಿರುಗಿಸುತ್ತಿದ್ದ. ಎರಡೇ ಮಾತು ಹೇಳಿದೆ: ಟೈರಿನ ಮೇಲಿನ ನಾಲ್ಕು ಅಂಕಿ ಓದು, ಕೀಲಿ ಹಾಕಿದಾಗ ಆ ಕೆಂಪು ಕುಂಬಳಕಾಯಿ ಹತ್ತಿ ಆರುತ್ತದೋ ನೋಡು.

ಸಂಜೆ ಫೋನ್ ಬಂತು. “ಮೇಷ್ಟ್ರೆ, ಎಂಥಾ ಗಿರಾಕಿ ಅಂತೀರಿ! ಗಾಡಿ ಹತ್ರ ಬಂದೋನು ಸೀಟ್ ಕವರ್ ಕಡೆ ತಿರುಗೂ ನೋಡ್ಲಿಲ್ಲ. ಮೊಣಕಾಲೂರಿ ಕೂತು ಟೈರಿನ ಹಲ್ಲು ಎಣಿಸ್ತಾನೆ. ಕಾಲ ಕೆಟ್ಟೋಯ್ತು ಬಿಡ್ರಿ. ಯಾರು ಕಲಿಸ್ತಾರೋ ಇವನ್ನೆಲ್ಲ.”

“ನಾನಲ್ಲಪ್ಪಾ” ಅಂದೆ.