ಭಾವನ ದೋಣಿ, ಮುಂದಿನ ಹಾಯಿ

ತೂಕದ ಹಾಯಿದೋಣಿ ಇಟ್ಟುಕೊಂಡವರನ್ನು ಏನು ಬೇಕಾದರೂ ಕೇಳಬಹುದು. ಪೆನ್ಷನ್ ಎಷ್ಟು ಬರುತ್ತೆ, ಸಕ್ಕರೆ ಕಾಯಿಲೆ ಹೇಗಿದೆ, ಮಗಳಿಗೆ ಗಂಡು ನೋಡ್ತಿದ್ದೀರಾ, ಯಾವುದಕ್ಕೂ ಬೇಸರಪಡುವುದಿಲ್ಲ. ಕೇಳಬಾರದ್ದು ಒಂದೇ: "ಮುಂದುಗಡೆ ಯಾವ ಹಾಯಿ ಕಟ್ಟಿದ್ದೀರಿ?" ಕೇಳಿದಿರೋ, ಬಡಿಸಿದ ಅನ್ನ ತಟ್ಟೆಯಲ್ಲೇ ಆರಿತು ಅಂತ ಲೆಕ್ಕ. ನಮ್ಮ ಭಾವನ ಮನೆಯಲ್ಲಿ ಸಾರೂ ಆರುತ್ತದೆ. ಬಿಸಿಯೇರುವುದು ಅಕ್ಕ ಮಾತ್ರ.

ಭಾವ ತಿಪಟೂರಿನವರು. ಕೆರೆ ತುಂಬಿದ ವರ್ಷ ಈಜು ಕಲಿತದ್ದು ಬಿಟ್ಟರೆ ಅವರಿಗೂ ನೀರಿಗೂ ಅಂಥ ಬಳಕೆ ಇರಲಿಲ್ಲ. ಮೇರಿಲ್ಯಾಂಡಿನಲ್ಲಿ ಕೆಲಸ ಮಾಡಿ ರಿಟೈರಾದ ಮೇಲೆ ಅನಾಪೊಲಿಸ್ ಹತ್ತಿರ ಒಂದು ಹಳೆಯ ದೋಣಿ ಕೊಂಡರು. ಉದ್ದ 32 ಅಡಿ, ತೂಕ ಒಂಬತ್ತು ಟನ್. ಮುಂದೂ ಚೂಪು, ಹಿಂದೂ ಚೂಪು. ಹೊಟ್ಟೆಯಡಿ ಈ ತುದಿಯಿಂದ ಆ ತುದಿಯವರೆಗೆ ಭಾರಿ ಕೀಲ್. ಮೂತಿಯಿಂದಾಚೆಗೆ ನೀರಿನ ಮೇಲೆ ಚಾಚಿಕೊಂಡ ಬೌಸ್ಪ್ರಿಟ್ ಎಂಬ ಮರದ ತೊಲೆ. ಮಾರಿದವನು ಕೀಲಿಕೈ ಒಪ್ಪಿಸುವಾಗ ಅವನ ಮುಖದಲ್ಲಿ ಕಂಡ ನಿರಾಳ ನನಗೆ ಅನುಮಾನ ತಂದಿತ್ತು. ಭಾವ ಅದನ್ನು ಸೌಜನ್ಯ ಅಂದುಕೊಂಡರು.

ಈ ಆಕಾರದ ವಂಶಾವಳಿ ದೊಡ್ಡದು, ಭಾವನಿಗೆ ಅದು ಬಾಯಿಪಾಠ. ಮೂಲಪುರುಷ ನಾರ್ವೆಯ ಕಾಲಿನ್ ಆರ್ಚರ್. ನಾನ್ಸೆನ್ ಉತ್ತರ ಧ್ರುವದ ಕಡೆಗೆ ಹೊರಟಾಗ ಹಿಮದ ನಡುವೆ ಸಿಕ್ಕಿಕೊಂಡರೂ ಪುಡಿಯಾಗದ 'ಫ್ರಾಮ್' ಹಡಗನ್ನು ಮಾಡಿಕೊಟ್ಟವನು ಅವನೇ. 1893ರಲ್ಲಿ ಬಿರುಗಾಳಿಗೆ ಸಿಕ್ಕ ಮೀನುಗಾರರನ್ನು ಕರೆತರಲು ಒಂದು ರಕ್ಷಣಾ ದೋಣಿ ಮಾಡಿದ. ಉಳಿದವರು ದಡಕ್ಕೆ ಓಡಿಬರುವ ಹೊತ್ತಿನಲ್ಲಿ ಅದು ದಡ ಬಿಟ್ಟು ಹೊರಡಬೇಕು, ಹಾಗಿತ್ತು ಅದರ ಕೆಲಸ. 1920ರ ದಶಕದಲ್ಲಿ ಅಮೆರಿಕದ ವಿಲಿಯಂ ಆಟ್ಕಿನ್ ಆ ಮಾದರಿಯನ್ನೇ 32 ಅಡಿಗೆ ಇಳಿಸಿ 'ಎರಿಕ್' ಎಂಬ ನಕ್ಷೆ ಬರೆದ. ಆ ನಕ್ಷೆ ಹಿಡಿದು 1960ರ ದಶಕದಲ್ಲಿ ಬೊಂಬಾಯಿಯ ಬಡಗಿಗಳು ತೇಗದಲ್ಲಿ ಕಟ್ಟಿದ್ದು 'ಸುಹೈಲಿ'. ಅದರಲ್ಲೇ ರಾಬಿನ್ ನಾಕ್ಸ್-ಜಾನ್ಸ್ಟನ್ ಎಲ್ಲೂ ನಿಲ್ಲದೆ, ಒಬ್ಬನೇ, 312 ದಿನ ಲೋಕ ಸುತ್ತಿ 1969ರ ಏಪ್ರಿಲ್‌ನಲ್ಲಿ ಫಾಲ್ಮತ್‌ಗೆ ಬಂದಿಳಿದ. ಅದು ಗೋಲ್ಡನ್ ಗ್ಲೋಬ್ ಎಂಬ ಪಂದ್ಯ. ಹೊರಟವರು ಒಂಬತ್ತು ಜನ, ಮುಗಿಸಿದವನು ಅವನೊಬ್ಬನೇ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಇಂಥ ಕುಲದಲ್ಲಿ ಹುಟ್ಟಿದ ದೋಣಿ ಈಗ ಚೆಸಪೀಕ್ ಕೊಲ್ಲಿಯಲ್ಲಿದೆ. ಆ ಕೊಲ್ಲಿಯ ಸರಾಸರಿ ಆಳ 21 ಅಡಿ. ಜುಲೈ ತಿಂಗಳಲ್ಲಿ ಅಲ್ಲಿ ಎಲೆಯೂ ಅಲ್ಲಾಡುವುದಿಲ್ಲ. ಸೆಖೆ ತಾಳಲಾರದೆ ನೀರಿಗೆ ಹಾರೋಣವೆಂದರೆ ಕುಟುಕುವ ಜೆಲ್ಲಿಫಿಶ್‌ಗಳ ಹಿಂಡು. ನಾರ್ವೆಯ ಬಿರುಗಾಳಿಗೆ ಎದೆಯೊಡ್ಡಲೆಂದು ಹುಟ್ಟಿದ ದೋಣಿ, ಮಧ್ಯಾಹ್ನ ಎರಡು ಗಂಟೆಗೆ, ನೊಣಗಳ ಸಮೇತ, ನಿಂತಲ್ಲೇ ನಿಂತಿರುತ್ತದೆ. ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಹಗುರ ದೋಣಿಗಳು ಸುಳಿದು ಹೋಗುತ್ತವೆ. ಅವುಗಳಲ್ಲಿರುವವರು ಕೈ ಬೀಸುತ್ತಾರೆ. ಭಾವ ಬೀಸುವುದಿಲ್ಲ.

ಮುಂದಿನ ಹಾಯಿಯ ತಗಾದೆ ಹುಟ್ಟಿದ್ದೇ ಇಲ್ಲಿ. ಒಂಬತ್ತು ಟನ್ ಅಲುಗಬೇಕಾದರೆ ಬಟ್ಟೆ ಜಾಸ್ತಿ ಬೇಕು. ಅದಕ್ಕಿರುವುದು ಜೆನೊವಾ. 1926ರಲ್ಲಿ ಸ್ವೀಡನ್ನಿನ ಸ್ವೆನ್ ಸಾಲೆನ್ ಜೆನೊವಾ ಊರಿನ ಪಂದ್ಯದಲ್ಲಿ ಏರಿಸಿ ಹೆಸರು ಮಾಡಿದ ಹಾಯಿ ಅದು. ಮುಂದಿನ ತಂತಿಯಿಂದ ಹಾಯಿಕಂಬದವರೆಗಿನ ಜಾಗ ತುಂಬುವಷ್ಟಿದ್ದರೆ ನೂರು ಪರ್ಸೆಂಟ್. ಭಾವ ತಂದದ್ದು ನೂರೈವತ್ತು. ಅಂದರೆ ಕಂಬವನ್ನೂ ದಾಟಿ ಹಿಂದಕ್ಕೆ ಹರಡಿಕೊಂಡು, ಕೂತವರ ಕಣ್ಣಿಗೆ ಕೊಲ್ಲಿಯ ಅರ್ಧ ಭಾಗವನ್ನೇ ಮರೆ ಮಾಡುವಂಥದ್ದು. ಆ ಮರೆಯಿಂದ ಯಾವ ದೋಣಿ ಯಾವಾಗ ಬರುತ್ತದೆ ಅಂತ ಕೆಳಗೆ ಬಗ್ಗಿ ನೋಡುತ್ತಿರುವುದು ನನ್ನ ಕೆಲಸ.

ತೆಳುಗಾಳಿಗೆ ಅದು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಚೆಸಪೀಕ್ ಬೇಸಿಗೆಯಲ್ಲಿ ಮೂರರ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟುತ್ತದೆ, ಗುಡುಗುತ್ತದೆ. ಗಾಳಿ ಹತ್ತು ನಾಟ್‌ನಿಂದ ಇಪ್ಪತ್ತಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ, ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಲು ಹಟ ಹಿಡಿಯುತ್ತದೆ. ಚುಕ್ಕಾಣಿಯ ಟಿಲ್ಲರ್ ಹಿಡಿದವನು ಅದನ್ನು ತನ್ನ ಕಡೆಗೆ ಎಳೆದು ಹಿಡಿಯಬೇಕು. ಆಗ ಭಾವನನ್ನು ನೋಡಬೇಕು. ಎರಡೂ ಕೈ ಟಿಲ್ಲರ್ ಮೇಲೆ, ಎಡಗಾಲು ಎದುರಿನ ಸೀಟಿಗೆ ಒತ್ತಿ ಹಿಡಿದು, ಟೋಪಿ ಹಾರದಂತೆ ಅದರ ದಾರ ಹಲ್ಲಲ್ಲಿ ಕಚ್ಚಿಕೊಂಡು, "ಏನೂ ಆಗಿಲ್ಲ, ಏನೂ ಆಗಿಲ್ಲ" ಅನ್ನುತ್ತಿರುತ್ತಾರೆ. ಹಲ್ಲಲ್ಲಿ ದಾರ ಇರುವುದರಿಂದ ಅದು ಮಂತ್ರದ ಹಾಗೆ ಕೇಳುತ್ತದೆ.

ಮನೆಗೆ ಬಂದ ಮೇಲೆ ಶಾಸ್ತ್ರಾಧಾರ ಹುಡುಕುವುದು. ಒಂದು ಭಾನುವಾರ ಅವರು ದೋಣಿಯ ನೀರೊಳಗಿನ ಭಾಗದ ಆಕಾರವನ್ನು ಎಂಟಿಆರ್ ರವೆ ಇಡ್ಲಿ ಡಬ್ಬದ ರಟ್ಟಿನಲ್ಲಿ ಕತ್ತರಿಸಿ, ಸೂಜಿಯ ತುದಿಯ ಮೇಲೆ ತೂಗಿಸುತ್ತ ಕೂತಿದ್ದರು. ತೂಗಿ ನಿಂತ ಬಿಂದು ನೀರಿನ ಕೇಂದ್ರ. ಎಲ್ಲ ಹಾಯಿಗಳ ಒತ್ತಡ ಒಟ್ಟಾಗಿ ಬೀಳುವ ಬಿಂದು ಗಾಳಿಯ ಕೇಂದ್ರ. ಗಾಳಿಯದು ಹಿಂದಕ್ಕೆ ಜಾಸ್ತಿ ಸರಿದರೆ ದೋಣಿಯ ಬಾಲವನ್ನು ಗಾಳಿ ಆಚೆಗೆ ತಳ್ಳುತ್ತದೆ, ಮೂತಿ ಗಾಳಿಗೆ ತಿರುಗುತ್ತದೆ.

"ಅಂದ್ಮೇಲೆ ಮುಂದೆ ದೊಡ್ಡ ಹಾಯಿ ಹಾಕಿದ್ರೆ ಮೂತಿ ಹತೋಟಿಗೆ ಬರಬೇಕಲ್ಲ ಭಾವ? ಹಾಕಿದ್ದೀವಲ್ಲ?"

"ಅದೇ ಕಣಯ್ಯಾ ನನಗೂ ಅರ್ಥ ಆಗದೆ ಇರೋದು."

ಅಕ್ಕ ಅಡುಗೆಮನೆಯಿಂದ, "ಡಬ್ಬದ ಹಿಂದೆ ಎಷ್ಟು ಮೊಸರು ಅಂತ ಬರೆದಿತ್ತು. ಅದನ್ನೂ ಕತ್ತರಿಸಿದ್ದೀರಾ?" ಅಂದಳು. ಕತ್ತರಿಸಿದ್ದರು. ಮೊಸರಿನ ಅಳತೆ ಸರಿಯಾಗಿ ಕೀಲ್‌ನ ಜಾಗದಲ್ಲಿತ್ತು.

ರಟ್ಟಿನ ಲೆಕ್ಕ ಸುಳ್ಳಲ್ಲ, ಆದರೆ ರಟ್ಟು ನಡೆಯುವುದಿಲ್ಲ, ವಾಲುವುದೂ ಇಲ್ಲ. ದೋಣಿ ಓಡತೊಡಗಿದರೆ ನೀರಿನ ಕೇಂದ್ರ ಸೂಜಿ ತೋರಿಸಿದ ಕಡೆ ನಿಲ್ಲದೆ ಮುಂದಕ್ಕೆ ಜರುಗುತ್ತದೆ. ದೋಣಿ ವಾಲಿದರೆ ಹಾಯಿಗಳೆಲ್ಲ ಒಂದು ಪಕ್ಕಕ್ಕೆ, ನೀರಿನ ಮೇಲಕ್ಕೆ, ಚಾಚಿಕೊಳ್ಳುತ್ತವೆ. ಎಳೆತ ದೋಣಿಯ ನಡುಗೆರೆಯಲ್ಲಿ ಇಲ್ಲದೆ ಹೊರಗಿನಿಂದ ಬಂದಾಗ ಮೂತಿ ಗಾಳಿಯ ಕಡೆಗೇ ತಿರುಗುತ್ತದೆ. ಜೆನೊವಾದ ಮೂರರಲ್ಲೊಂದು ಪಾಲು ಬಟ್ಟೆ ಕಂಬದ ಹಿಂದೆಯೇ ಇರುವುದರಿಂದ ಅದನ್ನು ಮುಂದಿನ ಹಾಯಿ ಅನ್ನುವುದೇ ಒಂದು ಔಪಚಾರಿಕತೆ. ಹತ್ತು ನಾಟ್‌ವರೆಗೆ ಔಷಧಿಯಾಗಿದ್ದದ್ದು ಹದಿನೈದಕ್ಕೆ ಕಾಯಿಲೆಯಾಗುತ್ತದೆ.

ಆಗ ಅದನ್ನು ಇಳಿಸಿ ಯಾಂಕಿ ಏರಿಸಬೇಕು. ಯಾಂಕಿ ಚಿಕ್ಕದು, ಎತ್ತರಕ್ಕೆ ಕತ್ತರಿಸಿದ್ದು, ಬೌಸ್ಪ್ರಿಟ್ಟಿನ ತುದಿಯಲ್ಲಿ ನಿಲ್ಲುವಂಥದ್ದು. ಒಳಗಡೆ ಜೊತೆಗೊಂದು ಪುಟ್ಟ ಸ್ಟೇಸೇಲ್. ಇಂಥ ದೋಣಿಗೆ ಈ ಜೋಡಿ ಹೇಳಿ ಮಾಡಿಸಿದ್ದು. ಬದಲಾಯಿಸಲು ಮಾತ್ರ ಯಾರಾದರೂ ಆ ತೊಲೆಯ ತುದಿಗೆ ಹೋಗಿ, ಹಾಯಿಯನ್ನು ತಂತಿಗೆ ಕಚ್ಚಿಸಿದ ಹಿತ್ತಾಳೆ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಬೇಕು. ಮೂತಿ ಏಳುವಾಗ ಹೊಟ್ಟೆ ಕೆಳಗೇ ಉಳಿಯುತ್ತದೆ, ಮೂತಿ ಇಳಿಯುವಾಗ ಮೊಣಕಾಲಿನವರೆಗೆ ನೀರು. ಕೊನೆಯ ಕೊಕ್ಕೆ ಯಾವತ್ತೂ ಉಪ್ಪು ಹಿಡಿದು ಕಚ್ಚಿಕೊಂಡಿರುತ್ತದೆ. ಹಳೆಯ ನಾವಿಕರು ಬೌಸ್ಪ್ರಿಟ್ಟಿಗೆ ಕೊಟ್ಟ ಅಡ್ಡಹೆಸರು ಹೆಂಡಿರನ್ನು ವಿಧವೆಯಾಗಿಸುವ ಕಟ್ಟಿಗೆ ಎಂಬ ಅರ್ಥದ್ದು. ಅಕ್ಕನಿಗೆ ಇದು ಗೊತ್ತಿದೆ, ಹಾಗಾಗಿ ಭಾವ ಅಲ್ಲಿಗೆ ಹೋಗುವಂತಿಲ್ಲ. ನನ್ನ ಹೆಂಡತಿಗೆ ಇನ್ನೂ ಯಾರೂ ಹೇಳಿಲ್ಲ.

ಈಗಿನವರು ಫರ್ಲರ್ ಹಾಕಿಸಿಕೊಂಡು, ಕೂತಲ್ಲಿಂದಲೇ ಹಗ್ಗ ಎಳೆದು ಹಾಯಿಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿಬಿಡುತ್ತಾರೆ. ಅರ್ಧ ಸುತ್ತಿದ ಹಾಯಿ ನಡುವೆ ಜೋಲುತ್ತದೆ, ಒಳಗೆ ಫೋಮ್ ಪಟ್ಟಿ ಹೊಲಿಸಿದರೆ ಸ್ವಲ್ಪ ವಾಸಿ. ಭಾವನಿಗೆ ಫರ್ಲರ್ ಅಂದರೆ ಆಗುವುದಿಲ್ಲ. ಮುಂದಕ್ಕೆ ಹೋಗುವವನು ನಾನಾದ್ದರಿಂದ ಅವರಿಗೆ ತತ್ತ್ವನಿಷ್ಠೆ ಕಷ್ಟವಲ್ಲ.

ಅವರ ಆದರ್ಶ ಜೋಶುವಾ ಸ್ಲೋಕಮ್. 1895ರಿಂದ 98ರವರೆಗೆ ಮೊತ್ತಮೊದಲು ಒಂಟಿಯಾಗಿ ಲೋಕ ಸುತ್ತಿದವನು. ಅವನ 'ಸ್ಪ್ರೇ' ದೋಣಿಯ ಸಮತೋಲ ಎಷ್ಟು ಹದವಾಗಿತ್ತೆಂದರೆ, ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಗೆ ಹಿಡಿದ 23 ದಿನದಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಎಲ್ಲ ಸೇರಿ ಮೂರು ಗಂಟೆಗಿಂತ ಹೆಚ್ಚಲ್ಲ. ಸುಹೈಲಿಯ ತಾನೇ ಚುಕ್ಕಾಣಿ ತಿರುಗಿಸುವ ಯಂತ್ರ ಆಸ್ಟ್ರೇಲಿಯಾದ ಆಸುಪಾಸಿನಲ್ಲಿ ಕೈಕೊಟ್ಟ ಮೇಲೂ, ಹಾಯಿಗಳನ್ನೇ ಹೊಂದಿಸಿ ನಾಕ್ಸ್-ಜಾನ್ಸ್ಟನ್ ಊರು ಸೇರಿದ.

"ಅವರ ಹೆಂಡ್ತೀರು ಜೊತೇಲಿದ್ರಾ?" ಅಂತ ಅಕ್ಕ ಕೇಳಿದಳು.

"ಒಂಟಿಯಾಗಿ ಅಂದ್ನಲ್ಲೇ."

"ಹಾಗೆ ಹೇಳಿ. ದೋಣಿ ಸುಮ್ನೆ ಹೋಗದೆ ಏನು ಮಾಡುತ್ತೆ."

ನಮ್ಮ ಕಡೆಯವರಿಗೂ ಈ ವಂಶದಲ್ಲಿ ಒಂದಿಷ್ಟು ಪಾಲಿದೆ. 2018ರ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ನಮ್ಮ ದೇಶದ ನಾವಿಕ ಅಭಿಲಾಷ್ ಟಾಮಿ ಹೊರಟ 'ತುರಿಯಾ', ಸುಹೈಲಿಯ ಪಡಿಯಚ್ಚು, ಗೋವಾದಲ್ಲೇ ಕಟ್ಟಿದ್ದು. ಅದಕ್ಕೂ ಮೊದಲು ಅವರು ಎಲ್ಲೂ ನಿಲ್ಲದೆ ಲೋಕ ಸುತ್ತಿದ್ದು ನೌಕಾಪಡೆಯ 'ಮ್ಹಾದೇಯಿ'ಯಲ್ಲಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯದೇ ಹೆಸರು. ಆ ನದಿಯ ನೀರು ಮಲಪ್ರಭೆಗೆ ಬರಲು ಎಷ್ಟು ಕಟ್ಲೆ ನಡೆಯಿತು! ಹೆಸರು ಮಾತ್ರ ಯಾರನ್ನೂ ಕೇಳದೆ ಕೇಪ್ ಹಾರ್ನ್ ಸುತ್ತಿ ಬಂತು.

ಇರಲಿ. ಟಿಲ್ಲರಿನಲ್ಲಿ ಎಳೆತ ಪೂರ್ತಿ ಇರಬಾರದು ಅಂತಲೂ ಅಲ್ಲ. ಮೂರ್ನಾಲ್ಕು ಡಿಗ್ರಿ ಬೇಕು. ಕೈ ಬಿಟ್ಟರೆ ದೋಣಿ ಗಾಳಿಗೆ ಮುಖ ಮಾಡಿ ನಿಂತುಬಿಡುತ್ತದೆ, ಅದೇ ಕ್ಷೇಮ. ಉಲ್ಟಾ ಎಳೆಯುವ ದೋಣಿ ಕೈ ಬಿಟ್ಟರೆ ಗಾಳಿಗೆ ಬೆನ್ನು ಹಾಕಿ ಓಡಿಹೋಗುತ್ತದೆ. ತೊಂದರೆ ಇರುವುದು ಜಾಸ್ತಿ ಎಳೆಯುವುದರಲ್ಲಿ. ಚುಕ್ಕಾಣಿ ಅಷ್ಟು ಓರೆಯಾದರೆ ಅದು ದಾರಿ ತೋರಿಸುವುದನ್ನು ಬಿಟ್ಟು ಬ್ರೇಕ್ ಹಾಕುತ್ತದೆ.

ಒಂದು ದಿನ ಥಾಮಸ್ ಪಾಯಿಂಟ್ ಬಳಿ, 1875ರಿಂದ ಕಬ್ಬಿಣದ ಕಾಲುಗಳ ಮೇಲೆ ನಿಂತಿರುವ ಆರುಮೂಲೆಯ ದೀಪದ ಮನೆ ಎದುರಿಗೇ, ಗಾಳಿ ಏರಿತು. ಜೆನೊವಾ ಇಳಿಸಿ ಯಾಂಕಿ ಏರಿಸಿ ನಾನು ತೊಯ್ದು ತೊಪ್ಪೆಯಾಗಿ ಹಿಂದಕ್ಕೆ ತೆವಳಿಕೊಂಡು ಬಂದೆ. ಭಾವನ ಕಾಲು ಇನ್ನೂ ಸೀಟಿಗೆ ಒತ್ತಿಕೊಂಡೇ ಇತ್ತು.

"ಸ್ಟೇಸೇಲೂ ಇಳಿಸೋಣವಾ?" ಅಂದೆ.

ಮೆಟ್ಟಿಲ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ ಅಕ್ಕ, "ಮುಂದಿನದನ್ನೇ ಯಾಕೆ ಗೋಳು ಹೊಯ್ಕೋತೀರಿ? ಹಿಂದೆ ಇಷ್ಟು ದೊಡ್ಡದು ನಿಂತಿದೆ, ಅದು ಕಾಣಲ್ವಾ?" ಅಂದಳು.

ಹಿಂದಿನದು ಅಂದರೆ ಮೇನ್‌ಸೇಲ್, ಭಾವನ ಪ್ರಾಣ. ಅದರ ಕೆಳಂಚು ಹಿಡಿದ ಬೂಮ್ ಎಂಬ ತೊಲೆ ದೋಣಿಯ ಹಿಂಭಾಗದವರೆಗೂ ಚಾಚಿದೆ. ಅದನ್ನು ತಗ್ಗಿಸಿ ರೀಫ್ ಕಟ್ಟುವುದೆಂದರೆ ಸೋಲು ಅಂತ ಅವರ ಭಾವನೆ. ಅವತ್ತು ತೋಳು ಬಿದ್ದುಹೋಗಿದ್ದರಿಂದ ಒಪ್ಪಿದರು. ಹಾಯಿ ಒಂದಾಳೆತ್ತರ ಇಳಿಯಿತು, ನಾನು ಬೂಮಿಗೆ ಜೋತುಬಿದ್ದು ರೀಫ್ ಹಗ್ಗ ಬಿಗಿದೆ. ದೋಣಿ ಎದ್ದು ನೆಟ್ಟಗಾಯಿತು. ಟಿಲ್ಲರ್ ತಾನಾಗೇ ನಡುವಿಗೆ ಬಂತು. ಬಟ್ಟೆ ಕಮ್ಮಿಯಾಗಿದ್ದರೂ ವೇಗ ಐದೂವರೆ ನಾಟ್‌ನಿಂದ ಆರಕ್ಕೇರಿತು. ಭಾವ ಎರಡು ಬೆರಳಲ್ಲಿ ಟಿಲ್ಲರ್ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಗಾಳಿ ಇಳೀತು ಅನ್ಸುತ್ತೆ" ಅಂದರು.

ಇಳಿದಿರಲಿಲ್ಲ.

ಚಳಿಗಾಲಕ್ಕೆ ಹಾಯಿ ಹೊಲಿಯುವವನು ಬಂದ. ಭಾವ ಹೊಸ ಮುಂದಿನ ಹಾಯಿಗೆ ನೂರಮೂವತ್ತೈದೋ ನೂರಿಪ್ಪತ್ತೋ ಅಂತ ಅವನ ಜೊತೆ ಚರ್ಚೆಗೆ ಕೂತರು, ರಟ್ಟಿನ ದೋಣಿಯನ್ನೂ ಸೂಜಿಯನ್ನೂ ಮುಂದಿಟ್ಟರು. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಗ್ಯಾರೇಜಿನಲ್ಲಿ ಹರಡಿದ್ದ ಮೇನ್‌ಸೇಲ್ ಹತ್ತಿರ ಮೊಣಕಾಲೂರಿ, ಹಿಂದಿನ ಅಂಚಿನಿಂದ ಎರಡಡಿ ಒಳಗೆ ಪೆನ್ಸಿಲಿನಲ್ಲಿ ಮೇಲಿಂದ ಕೆಳಗೆ ಗೆರೆ ಎಳೆದ. "ಇದನ್ನು ಕತ್ತರಿಸಿ, ಬೂಮ್ ಅಷ್ಟೇ ಮೋಟು ಮಾಡಿ. ಮುಂದೆ ಇರುವುದೇ ಸಾಕು." ಹೊಸ ಹಾಯಿ ಮಾರುವ ಸುಯೋಗ ಬಿಟ್ಟು ಇರುವುದನ್ನೇ ಕತ್ತರಿಸು ಅನ್ನುವ ವ್ಯಾಪಾರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಭಾವನಿಗೆ ಒಂದು ವಾರ ಊಟ ಸೇರಲಿಲ್ಲ. ದಿನಕ್ಕೊಮ್ಮೆ ಗ್ಯಾರೇಜಿಗೆ ಹೋಗಿ ಗೆರೆ ನೋಡಿ ಬರುವುದು, ಎರಡಡಿ ಬೇಡ, ಒಂದಡಿ ಸಾಕೇನೋ ಅಂತ ನನಗೆ ಫೋನ್ ಮಾಡುವುದು. ಅನಾಪೊಲಿಸ್ ಅಂಗಡಿಗಳಲ್ಲಿ ಹಳೆಯ ಹಾಯಿಬಟ್ಟೆಯಲ್ಲಿ ಹೊಲಿದ ಕೈಚೀಲಗಳಿಗೆ ಎಷ್ಟು ಬೆಲೆ ಅನ್ನುವುದು ಅಷ್ಟರಲ್ಲಿ ಅಕ್ಕನ ಕಿವಿಗೆ ಬಿದ್ದಿತ್ತು. ಕತ್ತರಿಸಿದ ತುಂಡಿನಲ್ಲಿ ಎಷ್ಟು ಚೀಲ ಆಗುತ್ತೆ ಅಂತ ಅವಳೇ ಹೊಲಿಯುವವನಿಗೆ ಫೋನ್ ಮಾಡಿ ಕೇಳಿದಳು. ಮರುದಿನ ನನಗೆ ಫೋನ್ ಬಂತು.

"ಲೋ, ಕನ್ನಡ ಕೂಟದ ಹೆಂಗಸರೆಲ್ಲ ಚೀಲ ಕೇಳ್ತಿದಾರೆ ಕಣೋ. ಎರಡಡಿ ಸಾಲಲ್ಲ. ನಿಮ್ಮ ಭಾವಂಗೆ ನೀನು ಹೇಳು, ಮೂರಡಿ ಕತ್ತರಿಸಿದ್ರೆ ದೋಣಿ ಇನ್ನೂ ನೆಟ್ಟಗೆ ಹೋಗುತ್ತೆ ಅಂತ."