ಮಾರ್ಗದರ್ಶಿಕಾ ಮೀಮಾಂಸೆ: ಥಾಯ್ಲೆಂಡಿನಲ್ಲಿ ಸ್ವತಂತ್ರವಾಗಿ ಸಂಚರಿಸಲು ಯಾವ ಪುಸ್ತಕಕ್ಕೆ ಪರತಂತ್ರರಾಗಬೇಕೆಂಬ ವಿಚಾರ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿದಲ್ಲದೆ ಪೂರ್ವದ ಪಂಡಿತರು ಮುಂದಕ್ಕೆ ಒಂದಕ್ಷರವನ್ನೂ ಆಡುತ್ತಿರಲಿಲ್ಲವಾದ ಕಾರಣ ನಾವೂ ಆ ಕ್ರಮವನ್ನೇ ಅನುಸರಿಸತಕ್ಕದ್ದು. ಪ್ರವಾಸ ಸಂಸ್ಥೆಯವರು ಎತ್ತಿಹಿಡಿದ ಪುಟ್ಟ ಬಾವುಟದ ಹಿಂದೆ ಸಾಲಾಗಿ ನಡೆಯಲೊಲ್ಲದೆ, ಥಾಯ್ಲೆಂಡ್ ದೇಶವನ್ನು ತನ್ನ ಇಚ್ಛೆಯಂತೆ ಸುತ್ತಿಬರಲು ಸಂಕಲ್ಪಿಸಿದವನು ಕೈಯಲ್ಲಿ ಹಿಡಿಯತಕ್ಕ ಮಾರ್ಗದರ್ಶಿ ಪುಸ್ತಕವನ್ನು ಆರಿಸುವ ಬಗೆಯೇ ಇಲ್ಲಿಯ ವಿಷಯ. ಕೊಟ್ಟ ಬೆಲೆ ವ್ಯರ್ಥವಾಗದಿರುವುದೇ ಪ್ರಯೋಜನ. ಪುಸ್ತಕಕ್ಕೂ ದೇಶಕ್ಕೂ ಇರುವ ಸಂಬಂಧವು ಮುಂದೆ ವಿವಾದಕ್ಕೆ ಒಳಗಾಗಲಿರುವುದರಿಂದ ಅದನ್ನು ಈಗಲೇ ಒಪ್ಪಿಕೊಂಡುಬಿಡುವುದು ಉಚಿತವಲ್ಲ. ಅಧಿಕಾರಿಯಾದರೋ, ರಜೆ ಮಂಜೂರಾಗಿ, ಟಿಕೆಟ್ಟು ಕೈಸೇರಿ, ಪುಸ್ತಕದಂಗಡಿಯ ಕಪಾಟಿನ ಮುಂದೆ ಎರಡು ದಪ್ಪ ಪುಸ್ತಕಗಳನ್ನು ಎರಡು ಕೈಗಳಲ್ಲಿ ತೂಗುತ್ತ, ಯಾವುದನ್ನು ಕೆಳಗಿಡಬೇಕೆಂದು ತಿಳಿಯದೆ ನಿಂತಿರುವ ಮುಮುಕ್ಷು.

ಲಕ್ಷಣ ವಿಚಾರ

ಮೊದಲು ಸ್ವತಂತ್ರ ಪ್ರವಾಸಿಯೆಂದರೆ ಯಾರು ಎಂಬುದು ನಿರ್ಣಯವಾಗಬೇಕು. ‘ಯಾರನ್ನೂ ಕೇಳದೆ ಹೋಗುವವನು’ ಎಂದು ಲಕ್ಷಣ ಹೇಳಿದೆವಾದರೆ, ದಾರಿ ತಪ್ಪಿದವನೂ, ಸಾಲ ಕೊಟ್ಟವರಿಗೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟವನೂ ಅದರೊಳಕ್ಕೆ ಬಂದು ಕುಳಿತುಬಿಡುವರಾದ್ದರಿಂದ ಆ ಲಕ್ಷಣವು ಅತಿವ್ಯಾಪ್ತಿ ದೋಷದಿಂದ ಕೆಡುತ್ತದೆ. ‘ತನ್ನ ದಾರಿಯನ್ನು ತಾನೇ ಕಂಡುಕೊಳ್ಳುವವನು’ ಎಂದು ತಿದ್ದಿಕೊಂಡರೆ ಅಸಂಭವ ದೋಷ ಬಂದೊದಗುತ್ತದೆ. ಹೇಗೆಂದರೆ, ಬ್ಯಾಂಕಾಕಿನ ಖಾವ್ ಸಾನ್ ರಸ್ತೆಯಲ್ಲಿ ಬೆನ್ನಿಗೆ ಚೀಲ ಬಿಗಿದು ನಡೆಯುವ ನಾನಾ ದೇಶೀಯರು ಒಂದೇ ಪುಸ್ತಕದ ಒಂದೇ ಪುಟವನ್ನು ನಂಬಿ, ಅದರಲ್ಲಿ ಹೊಗಳಿದ ಒಂದೇ ವಸತಿಗೃಹವನ್ನು ಹುಡುಕಿ, ಅಲ್ಲಿ ಕೋಣೆ ಖಾಲಿಯಿಲ್ಲವೆಂದು ಕೇಳಿ, ಅದೇ ಪುಟದ ಎರಡನೆಯ ವಸತಿಗೃಹದ ಕಡೆಗೆ ಏಕಕಾಲದಲ್ಲಿ ಹೊರಳುವುದನ್ನು ಕಂಡವರು, ತನ್ನ ದಾರಿಯನ್ನು ತಾನೇ ಕಂಡುಕೊಂಡ ವ್ಯಕ್ತಿಯೊಬ್ಬನು ಆ ಜನಸಂದೋಹದಲ್ಲಿ ಇರಬಹುದೆಂದು ಪ್ರಮಾಣ ಮಾಡಿ ಹೇಳಲಾರರು.

ಈ ಗ್ರಂಥಿಯನ್ನು ಬಿಡಿಸಲು ನಾವು ಶ್ರೀವೈಷ್ಣವ ಆಚಾರ್ಯರ ಮೊರೆಹೋಗಬೇಕಾಗುತ್ತದೆ. ಜೀವನು ಭಗವಂತನನ್ನು ಆಶ್ರಯಿಸುವ ಕ್ರಮಕ್ಕೆ ಅವರು ಮಾರ್ಜಾರಕಿಶೋರ ನ್ಯಾಯವೆಂದೂ ಮರ್ಕಟಕಿಶೋರ ನ್ಯಾಯವೆಂದೂ ಎರಡು ದೃಷ್ಟಾಂತಗಳನ್ನು ಕೊಟ್ಟಿರುವುದು ಸರ್ವವಿದಿತ. ತಾಯಿಬೆಕ್ಕು ಕತ್ತು ಕಚ್ಚಿ ಎತ್ತಿಕೊಂಡು ಹೋಗುವಾಗ ಮರಿ ಸುಮ್ಮನೆ ಜೋತುಬಿದ್ದಿರುತ್ತದೆ. ಹತ್ತೂವರೆಗೆ ದೇವಾಲಯ, ಹನ್ನೆರಡಕ್ಕೆ ಊಟ, ಎರಡಕ್ಕೆ ರೇಷ್ಮೆಯಂಗಡಿ ಎಂದು ಬಸ್ಸಿನಲ್ಲಿ ಸಾಗುವ ಗುಂಪಿನ ಪ್ರವಾಸಿಯು ಈ ವರ್ಗದವನು. ಕೋತಿಯ ಮರಿಯಾದರೋ ತಾಯಿಯ ಹೊಟ್ಟೆಯನ್ನು ತನ್ನ ಕೈಗಳಿಂದಲೇ ಅವುಚಿಕೊಂಡಿರುತ್ತದೆ. ತಾಯಿ ಯಾವ ಕೊಂಬೆಗೆ ನೆಗೆದರೆ ಅದೂ ಆ ಕೊಂಬೆಗೇ. ಪುಸ್ತಕವನ್ನು ಎದೆಗವುಚಿಕೊಂಡು ಹೊರಟ ನಮ್ಮ ಮುಮುಕ್ಷುವಿನ ಸ್ವಾತಂತ್ರ್ಯವು ಈ ಅವುಚುವಿಕೆಯಷ್ಟೇ. ಆದಕಾರಣ, ‘ತಾನು ಯಾವ ಗುಂಪಿಗೆ ಸೇರಿದವನೆಂಬುದನ್ನು ಅರಿಯದೆ ಆ ಗುಂಪಿನೊಡನೆಯೇ ಸಂಚರಿಸುವವನು ಸ್ವತಂತ್ರ ಪ್ರವಾಸಿ’ ಎಂಬುದು ನಿರ್ದುಷ್ಟವಾದ ಲಕ್ಷಣವೆಂದು ಸಿದ್ಧವಾಯಿತು.

ಸಂಪ್ರದಾಯ ಪ್ರಕರಣ

ಈ ಶಾಸ್ತ್ರದ ಗುರುಪರಂಪರೆಯು ಯೂರೋಪಿನಲ್ಲಿ ಮೊದಲಾಗುತ್ತದೆ. 1836ರಲ್ಲಿ ಲಂಡನ್ನಿನ ಜಾನ್ ಮರ‍್ರೆಯು ಯೂರೋಪ್ ಖಂಡದ ಪ್ರವಾಸಿಗಳಿಗಾಗಿ ಕೈಪಿಡಿಯನ್ನು ಹೊರಡಿಸಿದನು. ಜರ್ಮನಿಯ ಕಾರ್ಲ್ ಬೇಡೆಕರನು ಆ ಮಾರ್ಗವನ್ನು ಹಿಡಿದು, ನೋಡತಕ್ಕವುಗಳಿಗೆ ನಕ್ಷತ್ರ ಚಿಹ್ನೆಯನ್ನಿಟ್ಟು, ಲೋಕದ ಸೌಂದರ್ಯವನ್ನು ಅಂಕ ಹಾಕಿ ಅಳೆಯುವ ಪದ್ಧತಿಯನ್ನು ನೆಲೆಗೊಳಿಸಿದನು. ಈ ಮಹನೀಯನು ಮಿಲಾನ್ ನಗರದ ಮಹಾದೇವಾಲಯದ ಮೇಲ್ಛಾವಣಿಗೆ ಏರುವಾಗ ಇಪ್ಪತ್ತು ಮೆಟ್ಟಿಲಿಗೊಂದರಂತೆ ಬಟಾಣಿ ಕಾಳನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಸಾಗಿಸುತ್ತ ಮೆಟ್ಟಿಲುಗಳನ್ನು ಎಣಿಸಿದನೆಂದು ಕಥೆಯುಂಟು. ಪ್ರತ್ಯಕ್ಷ ಪ್ರಮಾಣದ ಪರಾಕಾಷ್ಠೆಯಿದು. ಇದರ ಎದುರು ತುದಿಯಲ್ಲಿ ನಿಲ್ಲತಕ್ಕವನು, ಕೊಲಂಬಿಯ ದೇಶದ ಮಾರ್ಗದರ್ಶಿಯಲ್ಲಿ ತನ್ನ ಪಾಲನ್ನು ಆ ದೇಶಕ್ಕೆ ಹೋಗದೆಯೇ ಬರೆದುದಾಗಿ 2008ರಲ್ಲಿ ತಾನೇ ಸಾರಿದ ಗ್ರಂಥಕರ್ತನು. ಕಾಳಿನ ಲೆಕ್ಕದಿಂದ ಬರೆದುದಾವುದು, ಕುಳಿತಲ್ಲಿಂದ ಬರೆದುದಾವುದು ಎಂಬ ವಿವೇಕವು ಓದುಗನಿಗೆ ಅಚ್ಚಿನ ಅಕ್ಷರದಿಂದ ಹೊಳೆಯುವಂತಹುದಲ್ಲ. ಎರಡೂ ಒಂದೇ ಗಾಂಭೀರ್ಯದಿಂದ ಮಾತನಾಡುತ್ತವೆ.

ಅರ್ವಾಚೀನ ಸಂಪ್ರದಾಯವು ಟೋನಿ ಮತ್ತು ಮೌರೀನ್ ವೀಲರ್ ದಂಪತಿಗಳಿಂದ ಪ್ರವರ್ತಿತವಾಯಿತು. ಏಷ್ಯಾ ಖಂಡವನ್ನು ಅಗ್ಗದಲ್ಲಿ ದಾಟಿಬಂದ ಈ ಋಷಿದಂಪತಿಗಳು 1973ರಲ್ಲಿ ತಮ್ಮ ಪ್ರಥಮ ಸೂತ್ರಗ್ರಂಥವನ್ನೂ, 1975ರಲ್ಲಿ ಆಗ್ನೇಯ ಏಷ್ಯಾವನ್ನು ಕುರಿತ ಹಳದಿ ಹೊದಿಕೆಯ ಗ್ರಂಥವನ್ನೂ ಪ್ರಕಟಿಸಿದರು; ಎರಡನೆಯದಕ್ಕೆ ‘ಹಳದಿ ಬೈಬಲ್’ ಎಂಬ ಬಿರುದು ಬಂದಿತು. ಲೋನ್ಲಿ ಪ್ಲಾನೆಟ್ ಎಂಬ ಈ ಪೀಠದಿಂದ ಥಾಯ್ಲೆಂಡಿನ ಪ್ರತ್ಯೇಕ ಗ್ರಂಥವು ಜೋ ಕಮಿಂಗ್ಸ್ ಎಂಬವರ ಕೈಯಿಂದ 1982ರಲ್ಲಿ ಹೊರಟಿತು. ಅದೇ ವರ್ಷ ಗ್ರೀಸ್ ದೇಶದ ಪುಸ್ತಕದೊಡನೆ ಆರಂಭವಾದ ರಫ್ ಗೈಡ್ಸ್ ಪ್ರತಿಪೀಠವಾಗಿ ಬೆಳೆದು, ಇತಿಹಾಸ ಸಂಸ್ಕೃತಿಗಳ ವಿಷಯದಲ್ಲಿ ತಾನೇ ಹೆಚ್ಚು ಆಳವೆಂಬ ಕೀರ್ತಿಯನ್ನು ಸಂಪಾದಿಸಿತು. 1993ರಿಂದ ಬರುತ್ತಿರುವ ಡಿಕೆ ಐವಿಟ್ನೆಸ್ ಮಾಲೆಯು ಚಿತ್ರಪ್ರಧಾನವಾದ ಮೂರನೆಯ ಮತ: ದೇವಾಲಯವನ್ನು ಹಲಸಿನ ಹಣ್ಣಿನಂತೆ ಸೀಳಿ ಒಳಭಾಗವನ್ನೆಲ್ಲ ಬಣ್ಣದಲ್ಲಿ ತೋರಿಸುವುದಾದರೂ, ಅಲ್ಲಿಗೆ ಹೋಗುವ ಬಸ್ಸಿನ ವಿಷಯದಲ್ಲಿ ಮೌನವನ್ನೇ ಬಹುಮಟ್ಟಿಗೆ ಆಶ್ರಯಿಸುತ್ತದೆ.

ಮೂಲಗ್ರಂಥಗಳಿಗೆ ವ್ಯಾಖ್ಯಾನಗಳೂ ಉಂಟು. ಹಳೆಯ ಪುಸ್ತಕದಂಗಡಿಯಲ್ಲಿ ದೊರೆಯುವ ಪ್ರತಿಗಳ ಅಂಚಿನಲ್ಲಿ ‘ಇಲ್ಲಿ ತಿಗಣೆಯಿದೆ’, ‘ಅಂಗಡಿ ಮುಚ್ಚಿದೆ’, ‘ಶುದ್ಧ ಸುಳ್ಳು’ ಎಂದು ಪೂರ್ವಸ್ವಾಮಿಗಳು ಸೀಸದ ಕಡ್ಡಿಯಲ್ಲಿ ರಚಿಸಿರುವ ವಾರ್ತಿಕಗಳು ಮೂಲಕ್ಕಿಂತ ಹೆಚ್ಚು ಪ್ರಾಮಾಣಿಕವೆಂಬುದು ನಮ್ಮ ಮತ. ಭಾರ ಕಡಿಮೆಯಾಗಲೆಂದು ಮುಗಿದ ಊರುಗಳ ಅಧ್ಯಾಯವನ್ನು ಕಿತ್ತೆಸೆಯುವ ಪಂಥವೊಂದಿದೆ. ಅವರು ಪಾಪಿಗಳೆಂದು ಹೇಳಲು ಮನಸ್ಸಾಗುತ್ತದೆ, ಹೆಗಲು ಒಪ್ಪುವುದಿಲ್ಲ.

ಪರೀಕ್ಷಾ ಪ್ರಕರಣ

ಸ್ಥಾಲೀಪುಲಾಕ ನ್ಯಾಯದಂತೆ ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯಬಹುದಾದುದರಿಂದ, ಎಂಟುನೂರು ಪುಟಗಳನ್ನು ಅಂಗಡಿಯಲ್ಲಿ ನಿಂತೇ ಓದಿ ಅಂಗಡಿಯವನ ಕೋಪಕ್ಕೆ ಗುರಿಯಾಗತಕ್ಕದ್ದಿಲ್ಲ. ನಾಲ್ಕು ಪರೀಕ್ಷೆಗಳು ಸಾಕು.

ಮೊದಲನೆಯದು ವೃಷ್ಟಿಪರೀಕ್ಷೆ. ‘ನವೆಂಬರಿನಿಂದ ಫೆಬ್ರುವರಿಯವರೆಗೆ ದೇಶವೆಲ್ಲ ಸುಖಕರ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ ಪುಸ್ತಕವನ್ನು ಅಲ್ಲಿಯೇ ಕೆಳಗಿಡತಕ್ಕದ್ದು. ಆ ದೇಶಕ್ಕೆ ದಕ್ಷಿಣದಲ್ಲಿ ಎರಡು ಕಡಲುಗಳು, ಎರಡಕ್ಕೆ ಎರಡು ಮಳೆಗಾಲಗಳು: ಫುಕೆಟ್, ಕ್ರಾಬಿಗಳಿರುವ ಅಂಡಮಾನ್ ಕಡಲಿನ ತೀರವು ಮೇ ತಿಂಗಳಿಂದ ಅಕ್ಟೋಬರಿನವರೆಗೆ ನೈಋತ್ಯ ಮಾನ್ಸೂನಿಗೆ ತೋಯ್ದರೆ, ಸಮೂಯಿ ದ್ವೀಪವಿರುವ ಕೊಲ್ಲಿಯ ಕಡೆಗೆ ಜಡಿಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಅವಧಿಯಲ್ಲಿ. ಉತ್ತರದ ಚಿಯಾಂಗ್ ಮಾಯ್ ಪ್ರಾಂತದಲ್ಲಿ ಫೆಬ್ರುವರಿಯಿಂದ ಏಪ್ರಿಲಿನವರೆಗೆ ಹೊಲಕಾಡುಗಳಿಗೆ ಹಚ್ಚಿದ ಬೆಂಕಿಯ ಹೊಗೆ ಕವಿದು, ಪುಸ್ತಕದ ಮುಖಪುಟದಲ್ಲಿ ನೀಲಿಯಾಗಿ ಮೆರೆಯುವ ಬೆಟ್ಟವು ಕಣ್ಣಿಗೇ ಬೀಳದಿರುವುದುಂಟು.

ಎರಡನೆಯದು ನಿಲ್ದಾಣಪರೀಕ್ಷೆ. 1916ರಿಂದ ನಡೆದುಬಂದ ಬ್ಯಾಂಕಾಕಿನ ಹುವಾ ಲಾಂಪೋಂಗ್ ನಿಲ್ದಾಣದಿಂದ ದೂರದೂರಿನ ರೈಲುಗಳು 2023ರ ಜನವರಿಯಲ್ಲಿ ಕ್ರುಂಗ್ ಥೇಪ್ ಅಫಿವತ್ ಎಂಬ ಹೊಸ ನಿಲ್ದಾಣಕ್ಕೆ ಹೋದುವು. ಚಿಯಾಂಗ್ ಮಾಯಿಯ ರಾತ್ರಿ ರೈಲನ್ನು ಇನ್ನೂ ಹುವಾ ಲಾಂಪೋಂಗಿನಿಂದಲೇ ಹೊರಡಿಸುವ ಪುಸ್ತಕವನ್ನು ನಂಬಿದವನಿಗೆ ಹಳೆಯ ಕಮಾನುಗಳ ಸೌಂದರ್ಯ ದರ್ಶನವಾಗುವುದು ನಿಶ್ಚಯ, ಚಿಯಾಂಗ್ ಮಾಯ್ ಸಂದೇಹ. ವೀಸಾ ನಿಯಮಗಳ ಪುಟವನ್ನಾದರೋ ಪುರಾಣವೆಂದೇ ಭಾವಿಸಬೇಕು. ಭಾರತೀಯರಿಗೆ ವೀಸಾ ಬೇಕಿಲ್ಲವೆಂದು 2023ರ ನವೆಂಬರಿನಲ್ಲಿ 30 ದಿನಗಳ ವಿನಾಯಿತಿ ಬಂದು, 2024ರ ಜುಲೈಯಲ್ಲಿ ಅದು 60 ದಿನಗಳಾದ ವೇಗವನ್ನು ಎರಡು ಮೂರು ವರ್ಷಕ್ಕೊಮ್ಮೆ ಅಚ್ಚಾಗುವ ಯಾವ ಗ್ರಂಥವೂ ಹಿಂಬಾಲಿಸಲಾರದಾದ್ದರಿಂದ, ಈ ಒಂದು ವಿಷಯದಲ್ಲಿ ರಾಯಭಾರ ಕಚೇರಿಯ ವಾಕ್ಯವೇ ಶ್ರುತಿ.

ಮೂರನೆಯದು ಆಹಾರಪರೀಕ್ಷೆ, ಕನ್ನಡದ ಸಸ್ಯಾಹಾರಿಗಳು ಇದನ್ನು ಎರಡು ಸಲ ಓದತಕ್ಕದ್ದು. ಪ್ಯಾಡ್ ಥಾಯ್ ಎಂಬ ನೂಡಲ್ಸನ್ನು ‘ಮಾಂಸವಿಲ್ಲದೆ ಕೇಳಿ ಪಡೆಯಬಹುದು’ ಎಂದು ಹೇಳಿ ಮುಂದಕ್ಕೆ ಹೋಗುವ ಪುಸ್ತಕವು, ಅದರೊಳಗೆ ಉಪ್ಪಿನ ಸ್ಥಾನದಲ್ಲಿ ನಾಮ್ ಪ್ಲಾ ಎಂಬ ಮೀನಿನ ರಸವೂ, ಅಲಂಕಾರದ ಸ್ಥಾನದಲ್ಲಿ ಒಣ ಸೀಗಡಿಯೂ ಅಡಗಿರುವ ಸಂಗತಿಯನ್ನು ಮುಚ್ಚಿಟ್ಟಂತಾಯಿತು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದಿರುವ ಅಂಗಡಿಯನ್ನು ಹುಡುಕಿರೆಂದು ಹೇಳಿದ ಪುಸ್ತಕವೇ ಉತ್ತಮ. ಚೀನೀ ಬೌದ್ಧರ ಆಚಾರಕ್ಕೆ ಅನುಗುಣವಾದ ಆ ಅಡುಗೆಯಲ್ಲಿ ಮೀನು ಮಾಂಸಗಳಿರಲಿ, ಈರುಳ್ಳಿ ಬೆಳ್ಳುಳ್ಳಿಗಳಿಗೂ ಪ್ರವೇಶವಿಲ್ಲದಿರುವುದರಿಂದ ಉಡುಪಿಯ ಕಡೆಯ ಮಡಿವಂತರೂ ಅರ್ಧ ಮನಸ್ಸಿನಿಂದಾದರೂ ಎಲೆಯ ಮುಂದೆ ಕೂರಬಹುದು.

ನಾಲ್ಕನೆಯದು ವಂಚನಾಪರೀಕ್ಷೆ. ಬ್ಯಾಂಕಾಕಿನ ಅರಮನೆಯ ಬಳಿ ಶುಭ್ರವಸ್ತ್ರಧಾರಿಯೊಬ್ಬನು ಎದುರಾಗಿ, ಇಂದು ಯಾವುದೋ ಉತ್ಸವದ ನಿಮಿತ್ತ ಅರಮನೆ ಮುಚ್ಚಿದೆಯೆಂದು ಮರುಗಿ, ಅಲ್ಪ ಬಾಡಿಗೆಗೆ ಟುಕ್-ಟುಕ್ ಹತ್ತಿಸಿ, ಒಂದೆರಡು ಸಣ್ಣ ದೇವಾಲಯಗಳನ್ನು ತೋರಿಸಿ, ಕೊನೆಗೆ ರತ್ನದಂಗಡಿಯ ಬಾಗಿಲಲ್ಲಿ ಇಳಿಸುವ ಪದ್ಧತಿಯು ಎಷ್ಟೋ ಕಾಲದಿಂದ ನಡೆದುಬಂದಿರುವುದು. ಇದನ್ನು ಹೇಳದ ಪುಸ್ತಕ ತ್ಯಾಜ್ಯ. ಆದರೆ ಇದನ್ನು ಓದಿ, ದೇಶದ ಸಮಸ್ತ ಜನರೂ ರತ್ನದಂಗಡಿಯ ದಲ್ಲಾಳಿಗಳೆಂದು ಬಗೆದು, ಬಸ್ ನಿಲ್ದಾಣದಲ್ಲಿ ದಾರಿ ತೋರಿಸಲು ಬಂದ ಶಾಲೆಯ ಉಪಾಧ್ಯಾಯಿನಿಯಿಂದಲೂ ಚೀಲವನ್ನು ಮರೆಮಾಡುವವನಿಗೆ ಪುಸ್ತಕವು ಅಜೀರ್ಣವಾಗಿದೆಯೆಂದು ತಿಳಿಯಬೇಕು. ತಾನಾಗಿ ಬಂದು ಹೇಳಿದವನನ್ನು ಶಂಕಿಸು, ನೀನಾಗಿ ಹೋಗಿ ಕೇಳಿದವನನ್ನು ನಂಬು: ಈ ಪ್ರಕರಣದ ಸೂತ್ರ ಇಷ್ಟೇ.

ಪೂರ್ವಪಕ್ಷ

ಇಲ್ಲಿ ನವ್ಯರು ಎದ್ದು ನಿಂತು, ಅಂಗೈಯಲ್ಲಿ ಫೋನ್ ಇರುವಾಗ ಪುಸ್ತಕದ ಚರ್ಚೆಯೇ ನಿರರ್ಥಕವೆಂದು ಆಕ್ಷೇಪಿಸುವರು. ಫೋನು ಬಲ್ಲುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ರೈಲಿನ ಹೊತ್ತನ್ನೂ ಮಳೆಯ ಸೂಚನೆಯನ್ನೂ ಅದನ್ನೇ ಕೇಳತಕ್ಕದ್ದು. ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದೇ ಹೊರತು, ಕೇಳಲು ನಮಗೆ ತೋಚದಿದ್ದ ಪ್ರಶ್ನೆಯನ್ನು ಪಕ್ಕದ ಪುಟದಲ್ಲಿ ಇಟ್ಟುಕೊಂಡು ಕಾಯುವುದಿಲ್ಲ. ಬ್ಯಾಂಕಾಕಿನ ಭೋಜನಶಾಲೆಗಳನ್ನು ಹುಡುಕುತ್ತ ಹಾಳೆ ಮಗುಚುವವನು ಕೈ ಜಾರಿ ಹಳೆಯ ರಾಜಧಾನಿ ಅಯುತ್ಥಯದ ಚರಿತ್ರೆಗೆ ಬೀಳುವ ಭಾಗ್ಯವು ಪುಸ್ತಕದಿಂದಲೇ ಲಭ್ಯ.

ಇನ್ನು ಕೆಲವರು, ಯಾವ ಪುಸ್ತಕದಲ್ಲಿಯೂ ಇಲ್ಲದ ಸ್ಥಳಕ್ಕೆ ಹೋಗುವುದೇ ನಿಜವಾದ ಸ್ವಾತಂತ್ರ್ಯವೆನ್ನುವರು. ಇವರಿಗೆ ಮಾಯಾ ಬೇ ಎಂಬ ಕೊಲ್ಲಿಯ ವೃತ್ತಾಂತವೇ ಉತ್ತರ. ಪ್ರವಾಸಿಗಳ ಕಾಲು ಸೋಕದ ಗುಪ್ತ ಕಡಲತೀರವೊಂದನ್ನು ಅರಸುವವರ ಕಥೆಯನ್ನು ಅಲೆಕ್ಸ್ ಗಾರ್ಲಂಡ್ ಎಂಬ ಆಂಗ್ಲ ಕಾದಂಬರಿಕಾರನು 1996ರಲ್ಲಿ ಬರೆದನು. ಅದರ ಚಲನಚಿತ್ರವು ಫಿ ಫಿ ಲೇ ದ್ವೀಪದ ಈ ಕೊಲ್ಲಿಯಲ್ಲಿ ತೆಗೆಯಲ್ಪಟ್ಟು 2000ದಲ್ಲಿ ತೆರೆಕಂಡಿತು. ಅಲ್ಲಿಂದ ಮುಂದೆ ಯಾರೂ ಹೋಗದ ಸ್ಥಳಕ್ಕೆ ಹೋಗಬೇಕೆಂಬವರೆಲ್ಲರೂ ಅಲ್ಲಿಗೇ ಹೋಗಿ, ದೋಣಿಗಳ ಮೇಲೆ ದೋಣಿಗಳು ಬಂದು, ಹವಳದ ದಿಬ್ಬಗಳು ಹಾಳಾಗಿ, 2018ರ ಜೂನಿನಲ್ಲಿ ಸರಕಾರವು ಕೊಲ್ಲಿಯನ್ನೇ ಮುಚ್ಚಿ, 2022ರ ಜನವರಿಯಲ್ಲಿ ನಾನಾ ನಿರ್ಬಂಧಗಳೊಡನೆ ತೆರೆಯಿತು. ಗುಪ್ತಸ್ಥಳವನ್ನು ವರ್ಣಿಸುವ ಕಾದಂಬರಿಯಂತಹ ಬಲಿಷ್ಠವಾದ ಮಾರ್ಗದರ್ಶಿ ಬೇರೊಂದಿಲ್ಲವೆಂದು ಇದರಿಂದ ಫಲಿತವಾಯಿತು.

ಸಿದ್ಧಾಂತ

ಹಾಗಾದರೆ ಯಾವ ಪುಸ್ತಕ? ಸತ್ಯವು ಕಾಲಕ್ಕೆ ಅಧೀನವಾದ ಭಾಗ, ಅಧೀನವಲ್ಲದ ಭಾಗ ಎಂದು ಗ್ರಂಥವನ್ನು ಎರಡಾಗಿ ಒಡೆದು ನೋಡಬೇಕು. 1767ರಲ್ಲಿ ಬರ್ಮೀಯರು ಸುಟ್ಟ ಅಯುತ್ಥಯವು ಪ್ರತಿಯೊಂದು ಮುದ್ರಣದಲ್ಲಿಯೂ 1767ರಲ್ಲಿಯೇ ಸುಡುತ್ತದೆ; ವಾಟ್ ಫೋ ದೇವಾಲಯದ ಶಯನಬುದ್ಧನ 46 ಮೀಟರು ಉದ್ದವು ಪರಿಷ್ಕರಣಕ್ಕೆ ಒಳಗಾಗುವುದಿಲ್ಲ. ಇವುಗಳಿಗಾಗಿ ಅರ್ಧ ಬೆಲೆಯ ಹಳೆಯ ಪ್ರತಿ ಸಾಕು. ವಸತಿಗೃಹದ ದರ, ದೋಣಿಯ ವೇಳೆ, ಅಂಗಡಿಯ ಹೆಸರುಗಳಾದರೋ ಅಚ್ಚಿನ ಮನೆಯಿಂದ ಹೊರಬೀಳುವಾಗಲೇ ಮುಪ್ಪಾಗಿರುತ್ತವೆ. ಹಾಗೆಂದು ಹಳೆಯದು ಸುಳ್ಳೆಂದು ಸಾರುವುದಕ್ಕೂ ಇಲ್ಲ. ಡಾನ್ ಮುಯಾಂಗ್ ವಿಮಾನ ನಿಲ್ದಾಣದಲ್ಲಿ ಇಳಿಯಿರೆಂದ 2005ರ ಪುಸ್ತಕವು 2006ರಲ್ಲಿ ಸುವರ್ಣಭೂಮಿ ನಿಲ್ದಾಣ ತೆರೆದೊಡನೆ ಅಪ್ರಮಾಣವಾಗಿ, 2012ರಲ್ಲಿ ಅಗ್ಗದ ವಿಮಾನಗಳು ಡಾನ್ ಮುಯಾಂಗಿಗೆ ಮರಳಿದಾಗ ಕೂತಲ್ಲಿಯೇ ಪುನಃ ಪ್ರಮಾಣವಾಯಿತು. ಮಾರ್ಗದರ್ಶಿಯು ತಪ್ಪಾಗಿರುವುದಿಲ್ಲ, ತನ್ನ ಕಾಲವನ್ನು ಕಾಯುತ್ತಿರುತ್ತದೆಯೆಂದು ಅದರ ಪಕ್ಷಪಾತಿಗಳು ವಾದಿಸಲು ಇಷ್ಟು ಆಧಾರ ಧಾರಾಳ.

ಆದಕಾರಣ ನಾಲ್ಕು ಪರೀಕ್ಷೆಗಳಲ್ಲಿ ಮೂರರಲ್ಲಿ ತೇರ್ಗಡೆಯಾದ ಯಾವ ಪುಸ್ತಕವನ್ನಾದರೂ ಕೊಳ್ಳಬಹುದು. ಕೊಂಡದ್ದನ್ನು ಬಳಸುವ ಕ್ರಮವು ಅರುಂಧತೀ ನ್ಯಾಯದ್ದು: ಮದುವೆಯಲ್ಲಿ ಪುರೋಹಿತರು ಮೊದಲು ದೊಡ್ಡ ನಕ್ಷತ್ರವನ್ನು ತೋರಿಸಿ, ಅದರಲ್ಲಿ ದೃಷ್ಟಿ ನಿಂತ ಮೇಲೆ ಪಕ್ಕದ ಸೂಕ್ಷ್ಮವಾದ ಅರುಂಧತಿಯನ್ನು ತೋರಿಸುವಂತೆ, ಪುಸ್ತಕವು ನಕ್ಷತ್ರ ಹಾಕಿ ತೋರಿಸುವ ಸ್ಥಳವು ದೃಷ್ಟಿಯನ್ನು ನಿಲ್ಲಿಸುವುದಕ್ಕೆ ಮಾತ್ರ. ವಾಟ್ ಫೋ ನೋಡಿ ಹೊರಬಂದವನು ಹಿಂಬದಿಯ ಓಣಿಗೆ ತಿರುಗಿ, ಪುಸ್ತಕದಲ್ಲಿಲ್ಲದ ಒಬ್ಬ ಮುದುಕಿಯ ಬಂಡಿಯಲ್ಲಿ ಮಾವಿನ ಹಣ್ಣು ಕೊಂಡು ತಿಂದನಾದರೆ, ಕೋತಿಯ ಮರಿಯು ಒಂದು ಕೈಯನ್ನು ಬಿಟ್ಟಂತಾಯಿತು. ಎರಡನ್ನೂ ಬಿಡಬೇಕೆಂದು ಶಾಸ್ತ್ರವು ವಿಧಿಸುವುದಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಪ್ರಯಾಣದ ಹಿಂದಿನ ರಾತ್ರಿ ಏಕಾಗ್ರಚಿತ್ತದಿಂದ ಪಠಿಸಿದವರಿಗೆ ಅರಮನೆಯು ತೆರೆದಿರುವುದು. ರೈಲು ತಾವು ನಿಂತ ನಿಲ್ದಾಣದಿಂದಲೇ ಹೊರಡುವುದು. ಸಾರಿನಲ್ಲಿ ಮೀನು ಈಜದು. ಸಮೂಯಿಯಲ್ಲಿ ನವೆಂಬರಿನ ಮಳೆ ಅನ್ಯರ ಮೇಲೆ ಸುರಿಯುವುದು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದವರು ಯಾರೆಂಬ ವಿಷಯದಲ್ಲಿ ದಂಪತಿಗಳಿಗೆ ವ್ಯಾಜ್ಯ ಹುಟ್ಟದು. ಪಠಿಸದೆ ಹೊರಟವರಿಗೂ ಈ ಫಲಗಳು ಹೆಚ್ಚುಕಡಮೆ ಇದೇ ಪ್ರಮಾಣದಲ್ಲಿ ದೊರೆಯುವುದು ಕಂಡುಬಂದಿದೆ. ಅವರು ದಾರಿಯಲ್ಲಿ ಜನರನ್ನು ಕೇಳುತ್ತ ಹೋಗುವುದೇ ಇದಕ್ಕೆ ಕಾರಣವಿರಬೇಕೆಂಬ ಅನುಮಾನವನ್ನು, ಪುಸ್ತಕ ಮಾರುವವರ ಹಿತದೃಷ್ಟಿಯಿಂದ, ನಾವು ಇಲ್ಲಿ ವಿಸ್ತರಿಸಹೋಗುವುದಿಲ್ಲ.