ಗೇರ್‌ಬಾಕ್ಸಿಗೆ ಕುಂಕುಮಾರ್ಚನೆ

ಆಯುಧಪೂಜೆ ಬಂತೆಂದರೆ ಪೀಣ್ಯದ ಶೆಡ್ಡುಗಳಲ್ಲಿ ಗೇರ್‌ಬಾಕ್ಸಿನ ಭಾಗ್ಯ ತೆರೆಯುತ್ತದೆ. ಪೈಪು ಹಿಡಿದು ಅಭ್ಯಂಜನ, ಮೈತುಂಬ ಹಸಿರು ಪೇಂಟು, ಅರಿಸಿನ ಕುಂಕುಮ, ಚೆಂಡುಹೂವಿನ ಹಾರ, ಎದುರಿಗೆ ಬೂದುಗುಂಬಳಕಾಯಿ. ಒಳಗಿರುವ ಆಯಿಲ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಪೂಜಾ ಸಾಮಗ್ರಿಯ ಪಟ್ಟಿಯಲ್ಲಿ ಅದು ಇಲ್ಲವಲ್ಲ!

ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಬ್ರೀದರ್ ಎಂಬ ಪುಟ್ಟ ಮುಚ್ಚಳವಿರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹೊರಬರುವುದು, ತಣಿದಾಗ ಹೊರಗಿನದು ಒಳಹೋಗುವುದು ಅಲ್ಲಿಂದಲೇ. ಅಭ್ಯಂಜನದ ನೀರೂ ಅದೇ ದಾರಿ ಹಿಡಿದು ಒಳಗಿಳಿಯುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗುತ್ತದೆ. ಪೇಂಟು ಬಿದ್ದು ತೂತು ಮುಚ್ಚಿತೋ, ಒತ್ತಡ ಏರಿ ಶಾಫ್ಟಿನ ಸೀಲಿನಿಂದ ಆಯಿಲ್ ಜಿನುಗತೊಡಗುತ್ತದೆ. ಅದಕ್ಕೆ ಪರಿಹಾರ, ಕೆಳಗೊಂದು ಡಬ್ಬ. ಮರುವರ್ಷ ಆ ಡಬ್ಬಕ್ಕೂ ಕುಂಕುಮ ಬೀಳುತ್ತದೆ.

ಹೊಸ ಗೇರುಗಳು ಒಂದಕ್ಕೊಂದು ಒಗ್ಗುವಾಗ ಲೋಹದ ಪುಡಿ ಉದುರುತ್ತದೆ. ಅದಕ್ಕೇ ಮೊದಲ ಆಯಿಲನ್ನು ಸಾಮಾನ್ಯವಾಗಿ 300ರಿಂದ 500 ಗಂಟೆಯೊಳಗೆ ಬದಲಿಸಬೇಕು. ಹಗಲೂ ರಾತ್ರಿ ಓಡಿಸಿದರೆ ಮೂರು ವಾರವೂ ಬೇಡ. ಇದೆಲ್ಲ ಮ್ಯಾನುಯಲ್ಲಿನಲ್ಲಿದೆ. ಮ್ಯಾನುಯಲ್ ಬೀರುವಿನಲ್ಲಿದೆ. ಬೀರುವಿನ ಬೀಗದ ಕೈ ಸಾಹೇಬರಲ್ಲಿದೆ.

"ಆಯಿಲ್ ಚೇಂಜ್ ಮಾಡ್ಬೇಕು ಸಾರ್," ಅನ್ನುತ್ತಾನೆ ಫಿಟ್ಟರ್.

"ಶಬ್ದ ಬರ್ತಿದೆಯೇನಯ್ಯಾ?"

"ಇಲ್ಲ ಸಾರ್."

"ಮತ್ತೆ? ಓಡೋದನ್ನ ಯಾಕೆ ಮುಟ್ತೀಯಾ?"

ಶಬ್ದ ಶುರುವಾದ ಮೇಲೆ ಉತ್ತರ ಬೇರೆ: "ತಿಂಗಳ ಕೊನೆ ಕಣಯ್ಯಾ, ಮೆಷಿನ್ ನಿಲ್ಸಕ್ಕಾಗುತ್ತಾ?"

ಅಂತೂ ಒಂದು ಭಾನುವಾರ ಅಪ್ಪಣೆ ಸಿಗುತ್ತದೆ. ಬಿಸಿಯಿದ್ದಾಗ ಬಸಿದರೆ ಕೊಳೆಯೂ ಜೊತೆಗೆ ಹರಿದು ಬರುತ್ತದೆ. ರಾತ್ರಿಯೆಲ್ಲ ತಣಿದದ್ದನ್ನು ಬಸಿದರೆ ತಳದ ಕೆಸರು ತಳದಲ್ಲೇ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಕಬ್ಬಿಣದ ಚೂರು ಕಚ್ಚಿಕೊಂಡಿರುತ್ತದೆ. ಒಳಗೆ ಹಲ್ಲು ಎಷ್ಟು ಸವೆಯಿತೆಂದು ಹೇಳುವ ಆ ಸಾಕ್ಷಿಯನ್ನು ಬನಿಯನ್ ವೇಸ್ಟಿನಲ್ಲಿ ಶ್ರದ್ಧೆಯಿಂದ ಒರೆಸಿ ಎಸೆಯಲಾಗುತ್ತದೆ. ಇನ್ನು ಸ್ಟೋರ್ಸ್ ಮಹಾತ್ಮೆ. ನೇಮ್‌ಪ್ಲೇಟು ಕೇಳುವುದು ವಿಜಿ 320 ಮಂದತೆಯ ಆಯಿಲ್, ಡ್ರಮ್ಮಿನಲ್ಲಿ ಉಳಿದಿರುವುದು 220. "ಎರಡೂ ಆಯಿಲೇ ತಾನೇ?" ವರ್ಮ್ ಗೇರಿನ ಕಂಚಿನ ಚಕ್ರಕ್ಕೆ ಗಂಧಕ ಬೆರೆತ ಕೆಲವು ಆಯಿಲ್‌ಗಳು ಆಗಿಬರುವುದಿಲ್ಲವೆಂದು ಹೇಳಹೋದವನಿಗೆ ತಲೆಹರಟೆ ಎಂಬ ಬಿರುದು. ಕೊನೆಗೆ ಧಾರಾಳ ಬುದ್ಧಿ: ಗುರುತು ಮೀರಿ ಭರ್ತಿ. ಹೆಚ್ಚಾದ ಆಯಿಲನ್ನು ಗೇರುಗಳು ಕಡೆದು ಕಡೆದು ನೊರೆಯೆಬ್ಬಿಸಿ ಇನ್ನಷ್ಟು ಬಿಸಿಯಾಗುತ್ತವೆ.

ರಿಜಿಸ್ಟರಿನಲ್ಲಿ ಮಾತ್ರ ಆಯಿಲ್ ಚಾಚೂ ತಪ್ಪದೆ ಬದಲಾಗುತ್ತಿರುತ್ತದೆ. ಇಡೀ ವರ್ಷದ ಟಿಕ್ಕುಗಳು ಒಂದೇ ಪೆನ್ನಿನವು, ಒಂದೇ ಓಲಾಟದವು. ಕರ್ನಾಟಕ ಬಂದ್ ದಿನವೂ ಕೆಲಸ ಆಗಿದೆ. ಆಡಿಟರು ಬರುತ್ತಾರೆ, ಗೋಡಂಬಿ ತಿನ್ನುತ್ತಾರೆ, ರಿಜಿಸ್ಟರಿನ ಬೈಂಡಿಂಗ್ ಮೆಚ್ಚಿಕೊಳ್ಳುತ್ತಾರೆ.

ಗೇರ್‌ಬಾಕ್ಸ್ ಒಂದು ದಿನ ಹಲ್ಲು ಉದುರಿಸಿಕೊಂಡು ನಿಂತಾಗ ವಿಚಾರಣೆ ನಡೆಯುತ್ತದೆ. ರಿಜಿಸ್ಟರ್ ನಿರ್ದೋಷಿ. ಮೆಮೊ ಫಿಟ್ಟರಿಗೆ, ಸಕಾಲದಲ್ಲಿ ಗಮನಕ್ಕೆ ತರಲಿಲ್ಲವೆಂದು. ಹೊಸದಂತೂ ಬಂದಿದೆ. ಸಾಗಣೆಯಲ್ಲಿ ಆಯಿಲ್ ಚೆಲ್ಲದಿರಲೆಂದು ಬ್ರೀದರ್ ಜಾಗಕ್ಕೆ ಬಿರಡೆ ಜಡಿದು, ಓಡಿಸುವ ಮುನ್ನ ತೆಗೆಯಿರಿ ಎಂದು ಕೆಂಪು ಚೀಟಿ ಕಟ್ಟಿದ್ದರು. ಸಾಹೇಬರು ಫೋಟೊ ತೆಗೆಸಿಕೊಳ್ಳುವಾಗ ಚೆನ್ನಾಗಿ ಕಾಣದೆಂದು ಚೀಟಿಯನ್ನು ಕಿತ್ತುಹಾಕಿದ್ದಾರೆ. ಬಿರಡೆ ಹಾಗೇ ಇದೆ.